ಬೈಯುವುದು ಆಮೇಲೆ, ಮೊದಲು 1930

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹೆತ್ತವರಿಗೆ, ಮಹಿಳೆಯರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಸದಸ್ಯರಿಗೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಪಿಟಿಎ ಸಭೆಗೆ ಇಷ್ಟು ಜನ ಬಂದದ್ದು ನೋಡಿ ನಿಜಕ್ಕೂ ಖುಷಿ ಆಯಿತು. ಕುಟುಂಬಶ್ರೀಯ ಅಕ್ಕಂದಿರು ಬಂದಿದ್ದೀರಿ, ಅಜ್ಜ ಅಜ್ಜಿಯರೂ ಬಂದಿದ್ದೀರಿ. ಅಂಗಳದಲ್ಲಿ ಅಡಿಕೆ ಹರಡಿ ಬಂದವರು ಆಗಾಗ ಮೋಡ ನೋಡುತ್ತಿದ್ದೀರಿ, ಅದೂ ಕಾಣುತ್ತಿದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಮೊಬೈಲು ಒಳ್ಳೆಯದೋ ಕೆಟ್ಟದೋ ಅನ್ನುವ ಚರ್ಚೆ ನನಗೆ ಬೇಡ. ಆ ಕಾಲ ದಾಟಿ ಹೋಯಿತು. ಕೊರೊನಾ ಕಾಲದಲ್ಲಿ, 2020ರ ಜೂನ್ 1ಕ್ಕೆ, ಕೇರಳ ಸರಕಾರದ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಅನ್ನುವ ಆನ್‌ಲೈನ್ ತರಗತಿ ಶುರುವಾಯಿತು, ಮಕ್ಕಳು ರೇಂಜ್ ಹುಡುಕಿಕೊಂಡು ಗುಡ್ಡೆ ಹತ್ತಿದರು, ನೀವು ಸಾಲ ಮಾಡಿ ಫೋನ್ ತೆಗೆದುಕೊಟ್ಟಿರಿ. ಮಕ್ಕಳು ಕಲಿಯಲಿ ಅಂತ ಕೊಟ್ಟದ್ದು, ಸರಿಯಾದ ಕೆಲಸವನ್ನೇ ಮಾಡಿದಿರಿ. ಈಗ ಗಲ್ಫಿನಿಂದ ಮಗ ಮಾತಾಡುವುದು ಅದರಲ್ಲಿ, ಅಡಿಕೆಯ ರೇಟು ನೋಡುವುದು ಅದರಲ್ಲಿ, ಶಾಲೆಯಿಂದ ನಾವು ಕಳಿಸುವ ಸುದ್ದಿಯೂ ಅದರಲ್ಲೇ. ಅದನ್ನು ಬಿಟ್ಟು ಬದುಕಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ನನ್ನ ತಲೆ ತಿನ್ನುತ್ತಿರುವ ವಿಷಯ ಬೇರೆ. ಮೊಬೈಲಿನಲ್ಲಿ ಮೋಸ ಆಗುವುದು ಒಂದು ಕ್ಷಣದಲ್ಲಿ. ಆದರೆ ಆಮೇಲೆ ಅದನ್ನು ಮನೆಯಲ್ಲಿ ಹೇಳಲು ಹೆದರಿ ಬಾಯಿ ಮುಚ್ಚಿ ಕೂತ ದಿನಗಳಿವೆಯಲ್ಲ, ಹೆಚ್ಚು ಹಾಳಾಗುವುದು ಆಗ. ಹಣವೂ ಹೋಗುತ್ತದೆ, ಮನಸ್ಸೂ ಹೋಗುತ್ತದೆ. ಇವತ್ತು ಏನು ಮಾತಾಡಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ.

ಒಂದು ಮನೆಯ ಕಥೆ ಹೇಳುತ್ತೇನೆ. ಊರು, ಹೆಸರು ಬೇಡ. "ಬೇರೆಯವರಿಗೆ ಉಪಕಾರ ಆಗುವುದಾದರೆ ಹೇಳಿ ಟೀಚರೇ" ಅಂತ ಆ ಅಕ್ಕನೇ ಒಪ್ಪಿಗೆ ಕೊಟ್ಟಿದ್ದಾರೆ.

ಗಂಡ ಗಲ್ಫಿನಲ್ಲಿ. ಮಗ ಡಿಗ್ರಿ ಮೊದಲ ವರ್ಷ, ಮಗಳು ಪ್ಲಸ್ ಟು. ಒಂದು ದಿನ ಮಗ ಅಮ್ಮನ ಸ್ಕೂಟರ್ ತೆಗೆದುಕೊಂಡು ಹೆಲ್ಮೆಟ್ ಇಲ್ಲದೆ ಕುಂಬಳೆಗೆ ಹೋಗಿ ಬಂದ. ಮರುದಿನವೇ ಅಕ್ಕನ ವಾಟ್ಸಾಪಿಗೆ ಒಂದು ಮೆಸೇಜು. ಇಂಗ್ಲಿಷಿನಲ್ಲಿ ಇತ್ತು. ಸ್ಕೂಟರಿನ ನಂಬರು ಸರಿಯಾಗಿತ್ತು, ಮೇಲೆ ಸರಕಾರದ ಸಿಂಹಮುದ್ರೆ, ದಂಡ 500 ರೂಪಾಯಿ. ಕೆಳಗೆ ಚಲಾನ್ ನೋಡಲು ಒಂದು ಫೈಲು. ನಂಬದೆ ಇರುತ್ತಾರಾ? 2023ರ ಜೂನ್ 5ರಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮೆರಾಗಳು ದಂಡ ಹಾಕಲು ಶುರು ಮಾಡಿದವು. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ಕಟ್ಟಿದವರು ಈ ಸಭೆಯಲ್ಲೇ ಇದ್ದೀರಿ, ಕೈ ಎತ್ತುವುದು ಬೇಡ!

ಆ ಹೊತ್ತಿಗೆ ಅಕ್ಕ ಮಗನನ್ನು ಕರೆದು "ಇದು ಏನು ನೋಡು" ಅಂದಿದ್ದರೆ ಸಾಕಿತ್ತು. ಅವನಿಗೆ ಗೊತ್ತಾಗುತ್ತಿತ್ತು. ಆದರೆ ಕರೆಯಲಿಲ್ಲ. ಯಾಕೆ? ಇನ್ನೊಮ್ಮೆ ಹೆಲ್ಮೆಟ್ ಇಲ್ಲದೆ ಹೋದರೆ ಸ್ಕೂಟರನ್ನೇ ಮಾರುತ್ತೇನೆ ಅಂತ ಗಂಡ ಫೋನಿನಲ್ಲಿ ಹೇಳಿದ್ದರು. ಅಪ್ಪ ಮಗನಿಗೆ ಜಗಳ ಬೇಡ, ಸುಮ್ನೆ ನಾನೇ ಕಟ್ಟಿಬಿಡುತ್ತೇನೆ ಅಂದುಕೊಂಡರು. ಒಂದು ಸಣ್ಣ ಗುಟ್ಟು ಮುಚ್ಚಲು ಹೋದರು, ಅಷ್ಟೆ.

ಫೈಲು ಒತ್ತಿದರು. ಅದು ಫೋಟೋ ಅಲ್ಲ, ಎಪಿಕೆ ಫೈಲು. ಅಂದರೆ ಫೋನಿನೊಳಗೆ ಹೋಗಿ ಕೂರುವ ಆ್ಯಪ್. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಅಕ್ಕ ಕೊಟ್ಟರು. ಕಾರ್ಡಿನ ನಂಬರು ಕೇಳಿತು, ಹಾಕಿದರು. ಏನೂ ಆಗಲಿಲ್ಲ, ರೇಂಜ್ ಇಲ್ಲ ಅಂದುಕೊಂಡು ಫೋನ್ ಬದಿಗಿಟ್ಟು ಅಡುಗೆಗೆ ಹೋದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬ್ಯಾಂಕಿನಿಂದ ಬಂದ ಒಟಿಪಿಗಳೆಲ್ಲ ಆ ಆ್ಯಪಿನ ಮೂಲಕ ಕಳ್ಳರ ಕೈಗೆ ಹೋದವು. ಯಾರಿಗೂ ಒಟಿಪಿ ಹೇಳಬೇಡಿ ಅಂತ ನಾವು ಹೇಳುತ್ತಲೇ ಇರುತ್ತೇವೆ. ಈ ಅಕ್ಕ ಯಾರಿಗೂ ಹೇಳಿರಲಿಲ್ಲ! ಫೋನೇ ಹೇಳಿಬಿಟ್ಟಿತು.

ಬೆಳಿಗ್ಗೆ ಅಂಗಡಿಯಲ್ಲಿ ಹಣ ಕೊಡಲು ಹೋದಾಗ ಖಾತೆ ಖಾಲಿ. ಮಗಳ ಕಾಲೇಜಿಗೆ ಅಂತ ಗಂಡ ತಿಂಗಳು ತಿಂಗಳು ಕಳಿಸಿದ ಹಣ.

ಇನ್ನು ಮುಂದಿನದನ್ನು ಗಮನವಿಟ್ಟು ಕೇಳಿ. ಆ ಅಕ್ಕ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ರಾತ್ರಿ ಗಂಡನ ಫೋನ್ ಬರುತ್ತದೆ, "ಊಟ ಆಯ್ತಾ" ಅಂತ ಕೇಳುತ್ತಾರೆ, ಇವರು "ಆಯ್ತು" ಅನ್ನುತ್ತಾರೆ. ಊಟ ಮಾಡಿರುವುದಿಲ್ಲ. ಕೊನೆಗೆ ಮಗಳು ಫೀಸಿನ ಮಾತು ಎತ್ತಿದಾಗ ಅಳು ಬಂತು, ವಿಷಯ ಹೊರಗೆ ಬಂತು. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಯಾವುದೋ ಊರಿನ ಎಟಿಎಮ್ಮಿನಲ್ಲಿ ನಗದಾಗಿ ಹೊರಗೆ ಬಂದಾಗಿತ್ತು.

ಅದರ ಪಕ್ಕದಲ್ಲಿ ಇನ್ನೊಂದು ಮನೆಯ ಸಂಗತಿ ಇಡುತ್ತೇನೆ. ಅಲ್ಲಿ ಒಬ್ಬ ಅಜ್ಜ. ಹಳೆಯ ಮರದ ಮಂಚ ಮಾರಲು ಮೊಮ್ಮಗನ ಕೈಯಲ್ಲಿ ಫೋಟೋ ಹಾಕಿಸಿದ್ದರು. ಮಿಲಿಟರಿಯವನು ಅಂತ ಹೇಳಿಕೊಂಡವನೊಬ್ಬ, ಹಣ ಬರಬೇಕಾದರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಅಜ್ಜ ಒತ್ತಿದರು, ಹಣ ಹೋಯಿತು. ಹೋದದ್ದು ಗೊತ್ತಾದ ಕೂಡಲೇ ಅಜ್ಜ ಹಾಕಿದ ಬೊಬ್ಬೆ ಇದೆಯಲ್ಲ, ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಹಾವು ಬಂತು ಅಂತ ದೊಣ್ಣೆ ಹಿಡಿದು ಓಡಿ ಬಂದರಂತೆ! ಮೊಮ್ಮಗ ತಕ್ಷಣ ಸೈಬರ್ ಮೋಸದ ದೂರಿನ ನಂಬರು 1930ಕ್ಕೆ ಫೋನ್ ಮಾಡಿದ. ಹೆಚ್ಚಿನ ಹಣ ಅರ್ಧ ದಾರಿಯಲ್ಲೇ ನಿಂತಿತು. ಕೈಗೆ ಬರಲು ತಿಂಗಳುಗಳು ಹಿಡಿದವು, ಆದರೆ ಬಂತು.

ಅಜ್ಜ ಆ ಅಕ್ಕನಿಗಿಂತ ಜಾಣರು ಅಂತ ಅಲ್ಲ. ಇಬ್ಬರೂ ಮೋಸ ಹೋದವರೇ. ಅಜ್ಜನಿಗೆ ಆ ಮನೆಯಲ್ಲಿ ಬೊಬ್ಬೆ ಹಾಕುವ ಧೈರ್ಯ ಇತ್ತು. ಅಕ್ಕನಿಗೆ ಇರಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆ ಧೈರ್ಯ ಇದೆ? ನಾಗರಹಾವು ಕಚ್ಚಿದವರನ್ನು ಕೂರಿಸಿಕೊಂಡು "ಆ ಪೊದೆಯ ಹತ್ತಿರ ಯಾಕೆ ಹೋದೆ" ಅಂತ ವಿಚಾರಣೆ ಮಾಡುತ್ತೇವಾ? ಮೊದಲು ಆಸ್ಪತ್ರೆಗೆ ಓಡುತ್ತೇವೆ. ಇಲ್ಲೂ ಹಾಗೆಯೇ. ಬೈಯುವುದಿದ್ದರೆ ಆಮೇಲೆ ಬೈಯಿರಿ, ಬೇಕಾದಷ್ಟು ಸಮಯ ಇದೆ.

ಈಗ 1930 ಏನು ಮಾಡುತ್ತದೆ ಹೇಳುತ್ತೇನೆ. ಇದು ಇಡೀ ದೇಶಕ್ಕೆ ಸೈಬರ್ ಮೋಸದ ದೂರಿನ ನಂಬರು. ನೀವು ದೂರು ಕೊಟ್ಟ ಕೂಡಲೇ ಅದು ಬ್ಯಾಂಕುಗಳಿಗೆ ಹೋಗುತ್ತದೆ, ಹಣ ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲೇ ಅದನ್ನು ತಡೆಹಿಡಿಯುತ್ತಾರೆ. ಮೊದಲ ಒಂದೆರಡು ಗಂಟೆಗೆ ಬೆಲೆ ಬರುವುದು ಅದಕ್ಕೇ. ಫೋನ್ ಮಾಡುವಾಗ ನಿಮ್ಮ ಖಾತೆ ನಂಬರು, ಹಣ ಹೋದ ಸಮಯ, ಮೊತ್ತ, ಆ ವ್ಯವಹಾರದ ನಂಬರು ಕೈಯಲ್ಲಿರಲಿ. ಲೈನು ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಅನ್ನುವ ವೆಬ್‌ಸೈಟಿನಲ್ಲಿ ದೂರು ಹಾಕಬಹುದು. ಎಪಿಕೆ ಒತ್ತಿಬಿಟ್ಟಿದ್ದರೆ ಮೊದಲು ಆ ಫೋನಿನ ಇಂಟರ್ನೆಟ್ ಬಂದ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಮಾತಾಡಿ. ನಿಜವಾದ ದಂಡ ಇದೆಯಾ ಅಂತ ನೋಡಲು ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿಗೆ ನೀವೇ ಹೋಗಿ, ಗಾಡಿ ನಂಬರು ನೀವೇ ಟೈಪ್ ಮಾಡಿ. ವಾಟ್ಸಾಪಿನಲ್ಲಿ ಬಂದ ಫೈಲನ್ನು ಮಾತ್ರ ಒತ್ತಬೇಡಿ. ಮದುವೆ ಕಾಗದ ಅಂತ ಬಂದರೂ ಹೆಸರಿನ ಕೊನೆಯಲ್ಲಿ ಎಪಿಕೆ ಇದ್ದರೆ ಅದು ಮದುವೆ ಕಾಗದ ಅಲ್ಲ.

ನಮ್ಮ ಗಡಿನಾಡಿಗೆ ಮಾತ್ರ ಇರುವ ಒಂದು ಕಷ್ಟವನ್ನು ಇಲ್ಲಿ ಹೇಳಲೇಬೇಕು. ಕೇರಳದಲ್ಲಿ ಈ ಕೆಲಸ ಚೆನ್ನಾಗಿ ನಡೆಯುತ್ತಿದೆ, ಅದನ್ನು ಮನಸ್ಸು ಬಿಚ್ಚಿ ಒಪ್ಪುತ್ತೇನೆ. ಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಅನ್ನುವ ಮಕ್ಕಳ ಐಟಿ ಕ್ಲಬ್ ಇದೆ, 2022ರಲ್ಲಿ ಆ ಮಕ್ಕಳ ಮೂಲಕವೇ ತಾಯಂದಿರಿಗೆ ಸೈಬರ್ ಸುರಕ್ಷೆಯ ತರಬೇತಿ ಕೊಟ್ಟರು. ಪೊಲೀಸರು ದಿನವೂ ಎಚ್ಚರಿಕೆ ಹಾಕುತ್ತಾರೆ. ಆದರೆ ಅದರಲ್ಲಿ ಹೆಚ್ಚಿನದು ಮಲಯಾಳದಲ್ಲಿ. ನಮ್ಮ ಮನೆಯ ಹಿರಿಯರು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಅಕ್ಷರ ಓದಲು ಕಷ್ಟ. ಹೀಗೆ ಎಚ್ಚರಿಕೆ ಮನೆಯ ಬಾಗಿಲವರೆಗೆ ಬಂದು ನಿಲ್ಲುತ್ತದೆ. ಒಳಗೆ ತರುವವರು ಯಾರು? ನಮ್ಮ ಮಕ್ಕಳು. ಅವರಿಗೆ ಎರಡೂ ಅಕ್ಷರ ಗೊತ್ತು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಟಿಯೋ ಬ್ಯಾರಿಯೋ, ಅಜ್ಜಿಗೆ ಅರ್ಥ ಆಗುವ ಭಾಷೆಯಲ್ಲಿ ಹೇಳಿ ಅಂತ ಮಕ್ಕಳಿಗೆ ನಾನು ಹೇಳುತ್ತಿರುತ್ತೇನೆ. ಹತ್ತು ಸಾಲು ಕನ್ನಡದಲ್ಲಿ ಬರೆದು ರೇಷನ್ ಅಂಗಡಿಯಲ್ಲಿ, ಹಾಲಿನ ಸೊಸೈಟಿಯಲ್ಲಿ ಅಂಟಿಸಿದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ. ಪಂಚಾಯತಿನವರು ಇಲ್ಲಿದ್ದೀರಿ. ಈ ಎಚ್ಚರಿಕೆಗಳು ಕನ್ನಡದಲ್ಲೂ ಬರಲಿ ಅಂತ ಒತ್ತಾಯ ಮಾಡಬೇಕು. ಭಾಷಾ ಅಲ್ಪಸಂಖ್ಯಾತರಾಗಿ ಅದನ್ನು ಕೇಳುವ ಹಕ್ಕು ನಮಗಿದೆ.

ಮಕ್ಕಳ ವಿಷಯ. ಇನ್‌ಸ್ಟಾಗ್ರಾಮಿನಲ್ಲಿ ಖಾತೆ ತೆರೆಯಲು 13 ವರ್ಷ ಆಗಿರಬೇಕು. ನಮ್ಮ ಆರನೇ ಕ್ಲಾಸಿನ ಮಕ್ಕಳಿಗೂ ಖಾತೆ ಇದೆ, ನಿಮಗೆ ಗೊತ್ತು. ಹುಟ್ಟಿದ ವರ್ಷ 2000 ಅಂತ ಹಾಕಿಕೊಳ್ಳುತ್ತಾರೆ. ಅದರಿಂದ ಆಗುವ ತೊಂದರೆ ಹೇಳುತ್ತೇನೆ. ಹದಿಹರೆಯದವರಿಗೆ ಇನ್‌ಸ್ಟಾಗ್ರಾಮ್ ಈಗ ಬೇರೆ ರೀತಿಯ ಖಾತೆ ಕೊಡುತ್ತದೆ. ಭಾರತಕ್ಕೆ ಅದು ಬಂದದ್ದು 2025ರಲ್ಲಿ. ಅದರಲ್ಲಿ ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ, 16ರ ಒಳಗಿನವರು ಆ ರಕ್ಷಣೆ ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಸುಳ್ಳು ವರ್ಷ ಹಾಕಿದ ಮಗುವಿಗೆ ಇದು ಯಾವುದೂ ಸಿಗುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಅದು ಮಗುವೇ ಅಲ್ಲ. ಇವತ್ತು ರಾತ್ರಿ ಮಗುವಿನ ಜೊತೆ ಕೂತು ಆ ವರ್ಷ ಒಂದು ನೋಡಿ. ಫೋನ್ ಕಸಿದು ನೋಡಬೇಡಿ, ಜೊತೆಯಲ್ಲಿ ಕೂತು ನೋಡಿ.

ದೊಡ್ಡ ಹುಡುಗರಿಗೆ ಬರುವ ಬಲೆ ಬೇರೆ. ಈ ಮಾತು ಸಭೆಯಲ್ಲಿ ಮುಜುಗರ, ಆದರೂ ಹೇಳುತ್ತೇನೆ. ಹುಡುಗಿಯ ಹೆಸರಿನ ಖಾತೆಯಿಂದ ಸ್ನೇಹ ಆಗುತ್ತದೆ, ವಿಡಿಯೋ ಕಾಲ್ ಬರುತ್ತದೆ, ಆ ಕಡೆಯವರು ರೆಕಾರ್ಡ್ ಮಾಡಿಕೊಂಡು "ನಿನ್ನ ಅಪ್ಪನಿಗೆ ಕಳಿಸುತ್ತೇವೆ" ಅಂತ ಹೆದರಿಸಿ ಹಣ ಕೇಳುತ್ತಾರೆ. ಈ ಬೆದರಿಕೆ ಇಡೀ ನಿಂತಿರುವುದು ಆ ಹುಡುಗನಿಗೆ ಅಪ್ಪನ ಮೇಲಿರುವ ಭಯದ ಮೇಲೆ. "ಕಳಿಸು, ನಾನೇ ಅಪ್ಪನಿಗೆ ಹೇಳಿಯಾಯಿತು" ಅಂತ ಆ ಮಗ ಹೇಳಬಲ್ಲನಾದರೆ ಅವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಇಂಥದ್ದಕ್ಕೆ ಸಿಕ್ಕಿ ಜೀವ ಕಳೆದುಕೊಂಡ ಮಕ್ಕಳು ನಮ್ಮ ದೇಶದಲ್ಲಿದ್ದಾರೆ. ದಯವಿಟ್ಟು, ಕೈ ಮುಗಿದು ಕೇಳುತ್ತೇನೆ, ಮಗ ಬಂದು ಹೇಳಿದರೆ ಹೊಡೆಯಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಅನ್ನಿ. ಹಣ ಕೊಡಬೇಡಿ, ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ, ದೂರು ಕೊಡಿ. ಮಕ್ಕಳ ಸಹಾಯಕ್ಕೆ 1098 ಇದೆ. ಮಕ್ಕಳ ಅಂಥ ಚಿತ್ರ ಇಟ್ಟುಕೊಳ್ಳುವುದು, ಹಂಚುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯಲ್ಲೂ ಐಟಿ ಕಾಯ್ದೆಯಲ್ಲೂ ಅಪರಾಧ. ಅಪರಾಧಿ ಆ ಕಡೆಯವನು, ನಿಮ್ಮ ಮಗುವಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಬೇಗ ಬೇಗ ಹೇಳುತ್ತೇನೆ.

2023ರಲ್ಲಿ ಕಲ್ಲಿಕೋಟೆಯ ಒಬ್ಬ ನಿವೃತ್ತ ನೌಕರರಿಗೆ ಹಳೆಯ ಸಹೋದ್ಯೋಗಿಯ ವಿಡಿಯೋ ಕಾಲ್ ಬಂತು. ಮುಖ ಅದೇ, ಸ್ವರ ಅದೇ. ಆಸ್ಪತ್ರೆ ಖರ್ಚಿಗೆ ಅಂತ 40,000 ರೂಪಾಯಿ ಕೇಳಿದ, ಇವರು ಕಳಿಸಿದರು. ಎಐಯಿಂದ ಮಾಡಿದ ನಕಲಿ ಮುಖ ಅದು. ಮತ್ತೆ ಹಣ ಕೇಳಿದಾಗ ಅನುಮಾನ ಬಂದು ನಿಜವಾದ ಗೆಳೆಯನಿಗೆ ಫೋನ್ ಮಾಡಿದರು, ದೂರು ಕೊಟ್ಟರು. ಹಾಗಾಗಿ ಗಲ್ಫಿನ ಮಗ ಹೊಸ ನಂಬರಿನಿಂದ ಹಣ ಕೇಳಿದರೆ ಹಳೆಯ ನಂಬರಿಗೆ ನೀವೇ ಫೋನ್ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಒಬ್ಬ ಅಮ್ಮ "ನಮ್ಮ ಕೆಂಪಿ ದನ ಯಾವ ಕಡೆಯಿಂದ ಹಾಯುತ್ತದೆ" ಅಂತ ಕೇಳುತ್ತಾರಂತೆ. ಎಐಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ!

ಹಣ ಬರಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಅಷ್ಟೆ.

ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂತ ಹೆದರಿಸಿ ಹಣ ಕೇಳುತ್ತಾರೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಮನ್ ಕೀ ಬಾತಿನಲ್ಲಿ ಇದನ್ನು ಹೇಳಿದರು. ಇಲ್ಲೂ ಕಳ್ಳ ಹೇಳುವ ಮೊದಲ ಮಾತು ಏನು? "ಮನೆಯವರಿಗೆ ಹೇಳಬೇಡ." ನೋಡಿ, ನಾನು ಬಂದು ನಿಂತದ್ದು ಮತ್ತೆ ಅಲ್ಲಿಗೇ.

ಕಾಲೇಜಿನ ಮಕ್ಕಳಿಗೆ ಒಂದು ಮಾತು. ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಕೊಟ್ಟರೆ ಕಮಿಷನ್ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಓಡಿ. ಆ ಅಕ್ಕನ ಹಣ ಹಾರಿ ಹೋದದ್ದು ಇಂಥ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಫ್ಯಾಮಿಲಿ ಗ್ರೂಪಿನ ಫಾರ್ವರ್ಡುಗಳ ಬಗ್ಗೆ ದೊಡ್ಡದಾಗಿ ಬರೆದುಕೊಂಡು ಬಂದಿದ್ದೆ, ಸಮಯ ಇಲ್ಲ. 2018ರ ಜುಲೈಯಲ್ಲಿ ಬೀದರಿನ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿಸಿ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ತಪ್ಪಾಯಿತು. ಫಾರ್ವರ್ಡ್ ಒತ್ತುವ ಮೊದಲು ಅದು ನೆನಪಾಗಲಿ.

ಇನ್ನು ಮಾತು ಬೇಡ, ಕೆಲಸ ಮಾಡೋಣ. ನಮ್ಮ ಲಿಟ್ಲ್ ಕೈಟ್ಸ್ ಮಕ್ಕಳು ಮೇಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತಿದ್ದಾರೆ. ನಿಮ್ಮ ವಾಟ್ಸಾಪಿಗೆ ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಪಿನ್ನಿನ ಇನ್ನೊಂದು ಬೀಗ, ಹಾಕಿಕೊಡುತ್ತಾರೆ, 1930 ನಂಬರನ್ನು ಫೋನಿನಲ್ಲಿ ಸೇವ್ ಮಾಡಿ ಕೊಡುತ್ತಾರೆ. ಆರಂಕಿಯ ಪಿನ್ ಮಾತ್ರ ನೀವೇ ಒತ್ತಿ, ಮಕ್ಕಳಿಗೂ ತೋರಿಸಬೇಡಿ. ಮುಳ್ಳೇರಿಯ ಬಸ್ಸಿಗೆ ಹೋಗುವವರು ಮೊದಲು ಬನ್ನಿ, ಉಳಿದವರು ಚಹಾ ಕುಡಿದು ಬನ್ನಿ.