ಆಷಾಢದಲ್ಲಿ ಆರಂಭವಾಗುವ ದಸರೆ

ಕೇಳುಗರೆಲ್ಲರಿಗೂ ನಮಸ್ಕಾರ.

ನವರಾತ್ರಿಯ ಪಾಡ್ಯದಂದು ನಿಮ್ಮ ಮನೆಯ ಹಲಗೆಯ ಮೇಲೆ ಬಂದು ಕೂರುವ ಚನ್ನಪಟ್ಟಣದ ಗೊಂಬೆಗೆ ಆ ವೇಳೆಗಾಗಲೇ ಆರೇಳು ತಿಂಗಳು ತುಂಬಿರುತ್ತದೆ. ಅದರ ಮರ ಬೇಸಿಗೆಗೆ ಮೊದಲೇ ಕಡಿದದ್ದು. ಅದರ ಮೈ ಆಷಾಢ, ಶ್ರಾವಣಗಳಲ್ಲಿ ಲೇತಿನ, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರದ, ಮೇಲೆ ತಿರುಗಿ ರೂಪು ತಳೆದದ್ದು. ಅದರ ಕಣ್ಣು, ಹುಬ್ಬು, ಹಣೆಯ ಬೊಟ್ಟು ಗೌರಿ ಹಬ್ಬದ ಆಸುಪಾಸಿನಲ್ಲಿ ಬರೆದದ್ದು. ಕೊಳ್ಳುವವರ ಪಾಲಿಗೆ ದಸರೆ ಶರದೃತುವಿನ ಹಬ್ಬ. ಮಾಡುವ ನಮ್ಮ ಪಾಲಿಗೆ ಅದು ಮಳೆಗಾಲದ ಕೆಲಸ. ಚನ್ನಪಟ್ಟಣದ ಕಲಾನಗರದಲ್ಲಿ ತಂದೆಯಿಂದ ಈ ಕೆಲಸ ಕಲಿತು, ಇಂದಿಗೂ ಅದರಿಂದಲೇ ಸಂಸಾರ ನಡೆಸುತ್ತಿರುವ ನಾನು, ಹಬ್ಬಗಳನ್ನು ಈ ಹಿಂದಿನ ಬಾಗಿಲಿನಿಂದ ನೋಡುವುದು ಹೇಗಿರುತ್ತದೆ ಎಂಬುದನ್ನು ತಮ್ಮೊಂದಿಗೆ ಹಂಚಿಕೊಳ್ಳಲು ಬಯಸುತ್ತೇನೆ.

ನಮ್ಮ ಕಸುಬಿನ ಇತಿಹಾಸವನ್ನು ಬಹುಪಾಲು ಕೇಳುಗರು ಬಲ್ಲರು. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ಅರಗಿನ ಕೆಲಸವನ್ನು ಅರಿತು ಬಂದು ಇಲ್ಲಿಯವರಿಗೆ ಕಲಿಸಿದರೆಂದು ಹಿರಿಯರು ಅವರನ್ನು ಇಂದಿಗೂ ನೆನೆಯುತ್ತಾರೆ. ಕಳೆದ ದಶಕಗಳಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ ಆದರೂ, ದಿನ ಬೆಳಗಾದರೆ ನಮ್ಮೆದುರಿಗೆ ಬಂದು ನಿಲ್ಲುವುದು ಇತಿಹಾಸವಲ್ಲ, ಮರ.

ನಾವು ಬಳಸುವುದು ಆಲೆಮರ. ಇದನ್ನು ಹಾಲೆ ಎಂದೂ ಕರೆಯುವುದುಂಟು. ಇದರ ಬಣ್ಣ ದಂತದಂತೆ ಬಿಳುಪು, ಎಳೆ ಬಹಳ ಸಣ್ಣದು, ಉಳಿಗೆ ಬೇಗ ಒಗ್ಗುವ ಮೆದು ಗುಣ. ಆದರೆ ಮೆದುವಾದದ್ದಕ್ಕೆ ಆರೈಕೆ ಹೆಚ್ಚು ಬೇಕು. ಕಡಿದ ಕೊರಡುಗಳ ತೊಗಟೆಯನ್ನು ಬೇಗನೆ ಸುಲಿದು, ಗಾಳಿಯಾಡುವಂತೆ ಅಡ್ಡಡ್ಡಲಾಗಿ ಪೇರಿಸಿ, ಎರಡು ಮೂರು ತಿಂಗಳು ಒಣಗಲು ಬಿಡಬೇಕು. ತಡಮಾಡಿದರೆ, ಅದರಲ್ಲೂ ತೇವದ ದಿನಗಳಲ್ಲಿ ತಡಮಾಡಿದರೆ, ಬೂಷ್ಟು ಹತ್ತಿ ಒಳಗೆಲ್ಲ ನೀಲಿಗಪ್ಪು ಕಲೆ ಇಳಿಯುತ್ತದೆ. ಹಸಿ ಮರದ ಮೇಲೆ ಬಣ್ಣ ಹಾಕಿದರೆ ಆ ದಿನಕ್ಕೆ ಅದು ಚೆನ್ನಾಗಿಯೇ ಹೊಳೆಯುತ್ತದೆ. ಮರ ಮುಂದೆ ಒಣಗಿ ಕುಗ್ಗಿದಾಗ ಅರಗು ಬಿರುಕು ಬಿಟ್ಟು ಚಕ್ಕೆಯೇಳುತ್ತದೆ. ಆದ್ದರಿಂದ ದಸರೆಗೆ ಬೇಕಾದ ಮರವನ್ನು ಶಿವರಾತ್ರಿಯಿಂದ ಯುಗಾದಿಯೊಳಗೆ ತಂದು ಒಟ್ಟಿಕೊಂಡವನೇ ಜಾಣ. ಮಳೆ ಹಿಡಿದ ಮೇಲೆ ಮರಕ್ಕಾಗಿ ಓಡಾಡುವವನು ದುಡ್ಡನ್ನೂ ಹೆಚ್ಚು ಕೊಡುತ್ತಾನೆ, ಕಲೆಯ ಮರವನ್ನೂ ಮನೆಗೆ ತರುತ್ತಾನೆ.

ಈ ಲೆಕ್ಕದಿಂದಾಗಿ ನಮ್ಮ ಪಂಚಾಂಗ ಊರಿನ ಪಂಚಾಂಗಕ್ಕಿಂತ ಎರಡು ತಿಂಗಳು ಮುಂದೆ ಓಡುತ್ತಿರುತ್ತದೆ. ಆಷಾಢದಲ್ಲಿ ಶುಭಕಾರ್ಯಗಳಿಲ್ಲ, ಅಂಗಡಿಗಳಲ್ಲಿ ವ್ಯಾಪಾರವೂ ಇಲ್ಲ. ನಮ್ಮ ಲೇತುಗಳು ಮಾತ್ರ ಬೆಳಿಗ್ಗೆಯಿಂದ ರಾತ್ರಿಯವರೆಗೆ ತಿರುಗುತ್ತವೆ. ವಿದೇಶಕ್ಕೆ ಕಳುಹಿಸುವ ವ್ಯಾಪಾರಿಗಳ ಕ್ರಿಸ್‌ಮಸ್ ಕೂಡ ಆಗಲೇ ನಡೆಯುತ್ತಿರುತ್ತದೆ. ಸರಕು ಹಡಗಿನಲ್ಲಿ ವಾರಗಟ್ಟಲೆ ಸಾಗಬೇಕು, ಅಲ್ಲಿನ ಅಂಗಡಿಗಳಿಗೆ ಅಕ್ಟೋಬರ್ ವೇಳೆಗೆ ತಲುಪಬೇಕು. ಹಾಗಾಗಿ ಮರಕ್ಕೆ ತೂಗುಹಾಕುವ ಪುಟ್ಟ ಗಂಟೆಗಳನ್ನೂ ಬುಗುರಿಯಾಕಾರದ ಅಲಂಕಾರದ ತುಣುಕುಗಳನ್ನೂ ನಾವು ಹೊರಗೆ ಜಡಿಮಳೆ ಸುರಿಯುತ್ತಿರುವಾಗ ಕಡೆಯುತ್ತೇವೆ. ಅವು ಹೋದ ಬೆನ್ನಿಗೇ ದಸರೆಯ ರಾಜ ರಾಣಿಯರು, ವಾದ್ಯದವರು, ಆನೆ ಕುದುರೆಗಳು. ದಸರೆ ಮುಗಿಯುವ ಮೊದಲೇ ನವೆಂಬರಿನ ರಾಜ್ಯೋತ್ಸವಕ್ಕೆ ಸಂಘ ಸಂಸ್ಥೆಗಳು ಕೇಳುವ ನೆನಪಿನ ಕಾಣಿಕೆಗಳು. ರಾಜ್ಯೋತ್ಸವ ಒಂದನೆಯ ತಾರೀಕಿನ ಹಬ್ಬವೆಂದು ಹೆಸರು. ನಮಗೆ ಬರುವ ಆರ್ಡರುಗಳನ್ನು ನೋಡಿದರೆ ಅದು ಡಿಸೆಂಬರಿನವರೆಗೂ ನಡೆಯುವಂತೆ ತೋರುತ್ತದೆ.

ಇನ್ನು ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಂಗಡಿಯಲ್ಲಿ ಹೊಳೆಯುವ ಗೊಂಬೆಯನ್ನು ಕಂಡವರು, ಅದಕ್ಕೆ ಕುಂಚದಿಂದ ಬಣ್ಣ ಬಳಿದು ಮೇಲೆ ವಾರ್ನಿಷ್ ಹಚ್ಚಿದ್ದಾರೆಂದು ಭಾವಿಸುವುದುಂಟು. ಹಾಗಲ್ಲ. ಅರಗನ್ನು ಕೆಂಡದ ಮೇಲೆ ಹಿಡಿದು ಮೆತ್ತಗೆ ಮಾಡಿ, ಅದಕ್ಕೆ ಬಣ್ಣದ ಪುಡಿಯನ್ನು ಬೆರೆಸಿ, ಎಳೆದು, ಮಡಿಸಿ, ಕುಟ್ಟಿ, ಮತ್ತೆ ಎಳೆದು, ಬಣ್ಣ ಎಲ್ಲೆಡೆ ಒಂದೇ ಸಮನಾಗುವವರೆಗೆ ನಾದಿ, ಕಡ್ಡಿಗಳಂತೆ ಹೊಸೆದಿಟ್ಟುಕೊಳ್ಳುತ್ತೇವೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ, ಕಂದಿಗೆ ಕಾಚು. ಎಳೆಯ ಮಕ್ಕಳು ಆಟಿಕೆಯನ್ನು ಮೊದಲು ಒಯ್ಯುವುದೇ ಬಾಯಿಗೆ ಎಂಬುದನ್ನು ಬಲ್ಲವರು ಸೀಸವಿಲ್ಲದ, ಇಂಥ ಬಣ್ಣಗಳನ್ನೇ ಕೇಳಿ ಪಡೆಯುತ್ತಾರೆ. ಲೇತಿಗೆ ಸಿಕ್ಕಿಸಿದ ಮರದ ತುಂಡನ್ನು ಉಳಿಯಿಂದ ರೂಪಕ್ಕೆ ತಂದು, ಮೈಯನ್ನು ನಯಮಾಡಿ, ಅದು ಭರದಿಂದ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ತಾನಾಗಿಯೇ ಕರಗಿ ಮರವನ್ನು ಕಚ್ಚಿಕೊಳ್ಳುತ್ತದೆ. ಮೊದಲು ಅದು ಅಲ್ಲಲ್ಲಿ ಉಬ್ಬಿ, ಪಟ್ಟೆಪಟ್ಟೆಯಾಗಿ, ನೋಡಲು ಒರಟಾಗಿರುತ್ತದೆ. ಆಗ ಮುಳ್ಳು ತೆಗೆದ ಕೇದಗೆಯ ಎಲೆಯನ್ನು ಮಡಿಸಿ ಹೆಬ್ಬೆರಳಿನಿಂದ ಒತ್ತುತ್ತಾ ಆ ಕಡೆಯಿಂದ ಈ ಕಡೆಗೆ ತಂದರೆ, ಉಬ್ಬೆಲ್ಲ ಹರಡಿ, ಕಣ್ಣೆದುರಿಗೇ ಹೊಳಪು ಏಳುತ್ತದೆ. ಒತ್ತಡ ಹೆಚ್ಚಾದರೆ ಮರ ಬಯಲಾಗುತ್ತದೆ, ಕಡಿಮೆಯಾದರೆ ಮೈ ಮಂಕಾಗಿಯೇ ಉಳಿಯುತ್ತದೆ. ಎಷ್ಟು ಒತ್ತಬೇಕೆಂಬುದನ್ನು ನಮ್ಮ ತಂದೆಯವರು ನನಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟವರಲ್ಲ. ನನ್ನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳನ್ನಿಟ್ಟು ಒತ್ತಿ ತೋರಿಸಿದರು. ಆ ಕಾಲದಲ್ಲಿ ಅವರು ಬಿಲ್ಲಿನಿಂದ ತಿರುಗಿಸುವ ಲೇತಿನ ಮುಂದೆ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲನ್ನು ಎಳೆಯುತ್ತಾ ಇನ್ನೊಂದರಲ್ಲಿ ಉಳಿ ಹಿಡಿಯುತ್ತಿದ್ದರು. ನಾವು ಈಗ ವಿದ್ಯುತ್ ಮೋಟಾರಿನವರು. ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಶ್ರಾವಣದ ಭರಾಟೆಯಲ್ಲಿ ಕರೆಂಟು ಹೋದಾಗ ಹಳೆಯ ಬಿಲ್ಲನ್ನು ನೆನೆಯದವರು ನಮ್ಮ ಓಣಿಯಲ್ಲಿ ಇಲ್ಲ.

ನಮ್ಮ ಮನೆಯಲ್ಲಿ ಲೇತಿನ ಕೆಲಸ ನನ್ನದು, ಮುಖ ಬರೆಯುವ ಕೆಲಸ ನನ್ನ ಮಡದಿಯದು. ತಲೆ, ಮೈ, ಕಿರೀಟಗಳನ್ನು ಬೇರೆ ಬೇರೆಯಾಗಿ ಕಡೆದು ಮರದ ಗೂಟದಿಂದ ಜೋಡಿಸಿದ ಮೇಲೆ, ಆಕೆ ಅವುಗಳನ್ನು ಸಾಲಾಗಿ ನಿಲ್ಲಿಸಿಕೊಂಡು, ಮೊದಲು ಎಲ್ಲದರ ಎಡಗಣ್ಣುಗಳನ್ನು, ಆಮೇಲೆ ಎಲ್ಲದರ ಬಲಗಣ್ಣುಗಳನ್ನು ಬರೆದುಕೊಂಡು ಹೋಗುತ್ತಾಳೆ. ಕೈ ಒಂದೇ ಹದಕ್ಕೆ ಬಿದ್ದಾಗ ಅದನ್ನು ಮುರಿಯಬಾರದೆಂಬುದು ಆಕೆಯ ಪದ್ಧತಿ. ಆ ಹೊತ್ತಿನಲ್ಲಿ ಯಾರಾದರೂ ಬಂದು ಮಾತನಾಡಿಸಿದರೆ ಆಕೆ ಉತ್ತರ ಕೊಡುವುದಿಲ್ಲ. ಬಂಧುಗಳಿಗೆ ಇದು ಈಗ ಅಭ್ಯಾಸವಾಗಿದೆ. ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ, ಸಂಜೆ ಬಂದು ಫೋನಿನಲ್ಲಿ ಬರುವ ಆರ್ಡರುಗಳನ್ನು ನೋಡಿಕೊಳ್ಳುತ್ತಾಳೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಗೊಂಬೆ ಕೂರಿಸುವ ಪದ್ಧತಿ ಇರುವುದರಿಂದ ಆ ಕಡೆಯಿಂದಲೂ ಬೇಡಿಕೆ ಬರುತ್ತದೆ, ಅದೂ ಸಾಮಾನ್ಯವಾಗಿ ಹಬ್ಬಕ್ಕೆ ಇನ್ನೇನು ವಾರವಿದೆ ಎನ್ನುವಾಗ. ಮಗ ಬಿಡದಿಯ ಕಾರ್ಖಾನೆಯೊಂದಕ್ಕೆ ಹೋಗುತ್ತಾನೆ. ತಿಂಗಳ ಮೊದಲ ವಾರದಲ್ಲಿ ಸಂಬಳ, ಭವಿಷ್ಯನಿಧಿ, ವಾರಕ್ಕೊಂದು ರಜೆ. ಗೊಂಬೆಯ ಕೆಲಸದಲ್ಲಿ ಈ ಮೂರೂ ಇಲ್ಲವೆಂದ ಮೇಲೆ ಅವನ ಆಯ್ಕೆಯನ್ನು ನಾನು ತಪ್ಪೆಂದು ಹೇಳಲಾರೆ. ಕಲೆಯನ್ನು ಉಳಿಸಬೇಕೆಂದು ವೇದಿಕೆಗಳಲ್ಲಿ ನಮ್ಮ ಮಕ್ಕಳಿಗೆ ಬುದ್ಧಿ ಹೇಳುವವರು, ಕೊಂಡ ಮಾಲಿಗೆ ಹಣವನ್ನು ಹಬ್ಬ ಮುಗಿದು ಎರಡು ತಿಂಗಳಿಗೆ ಕೊಡುವ ವ್ಯಾಪಾರಿಗಳಿಗೂ ಒಂದು ಮಾತು ಹೇಳಿದರೆ ಚೆನ್ನಾಗಿರುತ್ತದೆ.

ನಮ್ಮದು ಮುಸಲ್ಮಾನ ಕುಟುಂಬ. ಈ ಕಸುಬಿನಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ, ಇತರ ಸಮುದಾಯದವರೂ ಇದ್ದಾರೆ. ಹಾಗಾಗಿ ನಮ್ಮ ವರ್ಷಕ್ಕೆ ಎರಡು ಕ್ಯಾಲೆಂಡರುಗಳು. ದಸರೆ, ದೀಪಾವಳಿಗಳು ಅಧಿಕಮಾಸದ ಹೊಂದಾಣಿಕೆಯಿಂದಾಗಿ ಶರದೃತುವನ್ನು ಬಿಟ್ಟು ಕದಲುವುದಿಲ್ಲ. ನಮ್ಮ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ. 2006ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದು ಬಂದಾಗ ನಾವು ಉಪವಾಸದಲ್ಲಿದ್ದೆವು. ಅದೇ ತಿಂಗಳಿನಲ್ಲಿ ದೀಪಾವಳಿಯೂ ಈದ್ ಕೂಡ ಕೆಲವೇ ದಿನಗಳ ಅಂತರದಲ್ಲಿ ಬಂದವು. ಲೇತಿನ ಮುಂದೆ ದಿನವಿಡೀ ಮರದ ಹುಡಿ ಗಂಟಲಿಗಿಳಿಯುತ್ತಿರುವಾಗ ಗುಟುಕು ನೀರಿಲ್ಲದೆ ದಸರೆಯ ಆನೆಗಳನ್ನು ಕಡೆಯುವುದು ಸುಲಭದ ಕೆಲಸವಾಗಿರಲಿಲ್ಲ. ಉಪವಾಸ ಹಿಡಿಯುವ ಮೊದಲು ನಸುಕಿನಲ್ಲಿ ಮಾಡುವ ಸಹರಿಯ ಊಟ ಮುಗಿಸಿ, ನಮಾಜು ಮಾಡಿ, ಬೆಳಗಿನ ತಂಪಿನಲ್ಲೇ ಹೆಚ್ಚಿನ ಕೆಲಸವನ್ನು ಮುಗಿಸಿಕೊಂಡು ಮಧ್ಯಾಹ್ನ ಕೈ ನಿಲ್ಲಿಸುತ್ತಿದ್ದೆವು. ಲೇತುಮನೆಯಲ್ಲಿ ಜೊತೆಗೆ ದುಡಿಯುತ್ತಿದ್ದ ಗೆಳೆಯರು ಆ ತಿಂಗಳಿಡೀ ತಮ್ಮ ಚಹಾವನ್ನು ಹೊರಗೆ ಹೋಗಿ ಕುಡಿದು ಬರುತ್ತಿದ್ದರು. ಹಾಗೆ ಮಾಡಬೇಡಿರೆಂದರೂ ಕೇಳಲಿಲ್ಲ. ಈಗ ರಂಜಾನ್ ಚಳಿಗಾಲದ ಕಡೆಗೆ ಸರಿದಿದೆ. 2037ರ ಸುಮಾರಿಗೆ ಅದು ಮತ್ತೆ ದಸರೆಯ ಜೊತೆಗೂಡುತ್ತದೆ.

ಆಯುಧಪೂಜೆಯ ದಿನ ನಮ್ಮ ಲೇತುಮನೆಯಲ್ಲಿ ಎಲ್ಲ ಯಂತ್ರಗಳೂ ನಿಲ್ಲುತ್ತವೆ. ಹಿಂದಿನ ದಿನ ಮೂಲೆಮೂಲೆಯ ಹೊಟ್ಟನ್ನು ಗುಡಿಸಿ ಚೀಲಗಳಿಗೆ ತುಂಬುತ್ತೇವೆ. ಉಳಿಗಳನ್ನು ಸಾಣೆ ಹಿಡಿದು ಒರೆಸಿ ಸಾಲಾಗಿ ಇಡುವುದು ನನ್ನ ಪಾಲಿನ ಕೆಲಸ. ಪೂಜೆ ಗೆಳೆಯರದು, ಕಡ್ಲೆಪುರಿ ಎಲ್ಲರದು. ವರ್ಷವಿಡೀ ಗರಗರ ಸದ್ದಿನಲ್ಲಿ ಕೂಗಿಕೊಂಡು ಮಾತನಾಡುವವರು ಆ ದಿನ ಮೆಲ್ಲಗೆ ಮಾತನಾಡುವುದನ್ನು ಕಂಡರೆ ಒಬ್ಬರಿಗೊಬ್ಬರಿಗೆ ನಗು ಬರುತ್ತದೆ.

ಇನ್ನು ಮಾರಾಟದ ಮಾತು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಮೈಸೂರು ರಸ್ತೆಯ ಮೇಲೆಯೇ ಊರು ಇದ್ದದ್ದು ನಮ್ಮ ಬಹು ದೊಡ್ಡ ಬಂಡವಾಳವಾಗಿತ್ತು. ದಸರೆಯ ರಜೆಯಲ್ಲಿ ಮೈಸೂರಿಗೆ ಹೋಗುವ ಕಾರುಗಳೂ ಬಸ್ಸುಗಳೂ ಊರಿನೊಳಗೆ ಹಾದು ಹೋಗಬೇಕಿತ್ತು. ರಸ್ತೆಯ ಎರಡೂ ಕಡೆ ತೂಗುಬಿಟ್ಟ ತೂಗುಕುದುರೆ, ನಡೆಗಾಡಿ, ಬುಗುರಿಗಳನ್ನು ಕಂಡ ಮಕ್ಕಳು ಹಟ ಹಿಡಿಯುತ್ತಿದ್ದರು, ಗಾಡಿ ನಿಲ್ಲುತ್ತಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣವನ್ನು ಬಳಸಿಕೊಂಡು ಬೈಪಾಸಿನಲ್ಲಿ ಸಾಗುತ್ತದೆ. ಪ್ರಯಾಣಿಕರಿಗೆ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ; ಆದರೆ ಹಳೆಯ ರಸ್ತೆಯ ಅಂಗಡಿಗಳ ಮುಂದೆ ಆ ವರ್ಷದ ದಸರೆ ಬಿಕೋ ಎನ್ನುತ್ತಿತ್ತು. ಈ ಮೊದಲು ಅಗ್ಗದ ಚೀನೀ ಆಟಿಕೆಗಳು ಬಂದಾಗಲೂ ನಾವು ಪೆಟ್ಟು ತಿಂದವರೇ. 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿದ್ದೂ, ಮರುವರ್ಷದಿಂದ ಗುಣಮಟ್ಟದ ನಿಯಮ ಜಾರಿಗೆ ಬಂದದ್ದೂ ಒಂದಿಷ್ಟು ಉಸಿರಾಡಲು ಅವಕಾಶ ಕೊಟ್ಟಿವೆ. ಆದರೆ ಸುಂಕ ತಡೆಯುವುದು ಹೊರಗಿನ ಸರಕನ್ನು. ನಮ್ಮ ಅಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ನಮ್ಮಲ್ಲಿ ಕೆಲವರು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಹಿಡಿಯುತ್ತಾರೆ. ಹಬ್ಬ ಮುಗಿದ ಮೇಲೂ ಅದು ಬಹಳ ದಿನ ನಡೆಯುವುದರಿಂದ ಲಾಭವಿದೆ. ಆದರೆ ಮನೆಯ ಒಬ್ಬರು ಅಲ್ಲಿ ಕೂತರೆ ಒಂದು ಲೇತು ಇಲ್ಲಿ ಸುಮ್ಮನಾಗುತ್ತದೆ. ಮಾಡುವವನೇ ಮಾರಲು ಹೊರಟರೆ ಎದುರಾಗುವ ಕಷ್ಟವಿದು.

ದೀಪಾವಳಿ ಕಳೆದ ಮೇಲೆ ನಮಗೆ ಒಂದಿಷ್ಟು ಬಿಡುವು. ಬಾಕಿ ವಸೂಲಿಗೆ ಓಡಾಡುವುದು, ಮೋಟಾರಿನ ರಿಪೇರಿ, ಮುರಿದ ಉಳಿಗಳಿಗೆ ಹಿಡಿ ಹಾಕಿಸುವುದು, ಮದುವೆ ಮುಂಜಿಗಳು ಎಲ್ಲವೂ ಕಾರ್ತಿಕದಲ್ಲೇ ಆಗಬೇಕು. ಚಳಿ ಹೆಚ್ಚಾದಂತೆ ಅರಗು ಗಡುಸಾಗಿ ಬೆಳಗಿನ ಹೊತ್ತು ಹೇಳಿದಂತೆ ಕೇಳುವುದಿಲ್ಲ, ಆದ್ದರಿಂದ ಬಿಸಿಲೇರಿದ ಮೇಲೆಯೇ ಬಣ್ಣದ ಕೆಲಸಕ್ಕೆ ಕೂರುತ್ತೇವೆ. ಹೊಸ ಮಾದರಿಗಳನ್ನು ಮಾಡಿ ನೋಡುವುದೂ ಆಗಲೇ. ಕಳೆದ ಚಳಿಗಾಲದಲ್ಲಿ ಮಗಳು ಚಿತ್ರ ಬರೆದುಕೊಟ್ಟಳೆಂದು ಜಂಬೂಸವಾರಿಯ ಆನೆಗೆ ಕಳಚಿ ತೆಗೆಯಬಹುದಾದ ಅಂಬಾರಿಯನ್ನು ಮಾಡಿದೆ. ಮಕ್ಕಳು ಅಂಬಾರಿಯನ್ನು ಕಳೆದು ಹಾಕುತ್ತಾರೆಂದು ಅಂಗಡಿಯವರು ಬೇಡವೆಂದರು, ಮಕ್ಕಳಿದ್ದವರು ಮಾತ್ರ ಅದನ್ನೇ ಕೇಳಿ ಕೊಂಡರು.

ನವರಾತ್ರಿ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವಾಗ ಅರಗಿನ ಗೊಂಬೆಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಬೇಡಿ, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲಿಗೆ ಇಡಬೇಡಿ, ಅರಗು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಚೀಲಕ್ಕಿಂತ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿಡುವುದು ಒಳ್ಳೆಯದು. ಮುಂದಿನ ದಸರೆಗೆ ನಿಮ್ಮ ಮನಸ್ಸಿನಂತೆ ಯಾವುದಾದರೂ ಗೊಂಬೆಯನ್ನು ಮಾಡಿಸಬೇಕೆಂದಿದ್ದರೆ, ಯುಗಾದಿ ಕಳೆದ ಕೂಡಲೇ ಚನ್ನಪಟ್ಟಣಕ್ಕೆ ಬಂದು ಹೇಳಿ. ಆಗ ಮರ ಇನ್ನೂ ಒಣಗುತ್ತಿರುತ್ತದೆ, ನಿಮ್ಮ ಗೊಂಬೆಗೆ ಸರಿಯಾದ ತುಂಡನ್ನು ಆರಿಸಿ ಬೇರೆ ಎತ್ತಿಡಬಹುದು. ಬರುವವರು ಬೈಪಾಸಿನಿಂದ ಇಳಿದು ಹಳೆಯ ರಸ್ತೆ ಹಿಡಿಯಬೇಕು.

ನಮಸ್ಕಾರ.