ಎರಡನೆಯ ಬಯಾಪ್ಸಿ: ಇಮ್ಯುನೊಥೆರಪಿಗೆ ಬಗ್ಗದ ಕ್ಯಾನ್ಸರ್‌ಗಳ ಅಧ್ಯಯನ

ಸಭಿಕರಿಗೆ ನಮಸ್ಕಾರ.

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡಿತೆಂದರೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ವರ್ಷವನ್ನೂ ದಾಟುತ್ತಿರಲಿಲ್ಲ. 2010ರ ಹೊತ್ತಿಗೂ ಪರಿಸ್ಥಿತಿ ಹಾಗೆಯೇ ಇತ್ತು. ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎಂಬ ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟು ನೋಡಿದ ಚೆಕ್‌ಮೇಟ್-067 ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ, ರೋಗ ಅಷ್ಟೇ ಮುಂದುವರಿದಿದ್ದವರ ಪೈಕಿ ನೂರಕ್ಕೆ 43 ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದರು. ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಈ ಇಮ್ಯುನೊಥೆರಪಿಯ ಕುರಿತ ಮಾತುಗಳೆಲ್ಲ ಸಾಮಾನ್ಯವಾಗಿ ಈ 43ರ ಸುತ್ತಲೇ ನಡೆಯುತ್ತವೆ. ನಾನು ಇವತ್ತು ಉಳಿದವರ ಬಗ್ಗೆ ಮಾತನಾಡಲು ಬಂದಿದ್ದೇನೆ.

ಮೆಲನೋಮದ್ದು ಈ ಚಿಕಿತ್ಸೆಯ ಅತ್ಯುತ್ತಮ ಫಲಿತಾಂಶಗಳಲ್ಲಿ ಒಂದು ಎಂಬುದನ್ನೂ ನೆನಪಿಡಬೇಕು. ಅಮೆರಿಕದ ಅಂಕಿ ಅಂಶಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, 2018ರಲ್ಲಿ ಅಲ್ಲಿನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು 44 ಮಂದಿ ಈ ಬಗೆಯ ಔಷಧ ಪಡೆಯಲು ಅರ್ಹರಾಗಿದ್ದರು. ಗಡ್ಡೆ ಕುಗ್ಗುವ ನಿರೀಕ್ಷೆ ಇದ್ದದ್ದು ಸುಮಾರು 12 ಮಂದಿಯಲ್ಲಿ ಮಾತ್ರ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರ್‌ಗಳು ಈ ಔಷಧಗಳಿಗೆ ಜಗ್ಗುವುದೇ ಇಲ್ಲವೆನ್ನಬಹುದು.

ಔಷಧ ಮಾಡುವ ಕೆಲಸವನ್ನು ಮೊದಲು ಸಂಕ್ಷಿಪ್ತವಾಗಿ ಹೇಳುತ್ತೇನೆ. ನಮ್ಮ ರಕ್ತದಲ್ಲಿರುವ ಟಿ ಕೋಶಗಳು ಸೋಂಕು ತಗುಲಿದ ಅಥವಾ ಕೆಟ್ಟುಹೋದ ಜೀವಕೋಶಗಳನ್ನು ಗುರುತಿಸಿ ಕೊಲ್ಲುತ್ತವೆ. ಅವು ಅತಿಯಾಗಿ ವರ್ತಿಸಿ ದೇಹವನ್ನೇ ಹಾಳುಗೆಡವದಂತೆ ಅವುಗಳ ಮೈಮೇಲೆ ಕೆಲವು ಬ್ರೇಕುಗಳೂ ಇವೆ. ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿದ ಪಿಡಿ-1 ಅಂಥ ಒಂದು ಬ್ರೇಕು. ಸಿಟಿಎಲ್‌ಎ-4 ಎಂಬ ಇನ್ನೊಂದನ್ನು ಪ್ರತಿಕಾಯದಿಂದ ತಡೆದರೆ ಇಲಿಗಳ ಗಡ್ಡೆಗಳು ಕರಗುತ್ತವೆಂದು ಅಮೆರಿಕದ ಜೇಮ್ಸ್ ಅಲಿಸನ್ 1996ರಲ್ಲಿ ತೋರಿಸಿದರು. 2011ರಲ್ಲಿ ಸಿಟಿಎಲ್‌ಎ-4 ಅನ್ನು ತಡೆಯುವ ಇಪಿಲಿಮುಮ್ಯಾಬ್‌ಗೂ 2014ರಲ್ಲಿ ಪಿಡಿ-1 ಅನ್ನು ತಡೆಯುವ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್‌ಗಳಿಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು. 2018ರಲ್ಲಿ ಈ ಇಬ್ಬರಿಗೂ ನೊಬೆಲ್ ಬಂತು. ಔಷಧದ ಕೆಲಸ ಬ್ರೇಕನ್ನು ಬಿಡಿಸುವುದಷ್ಟೆ. ಗಾಡಿಯೇ ಅಲ್ಲಿಲ್ಲದಿದ್ದರೆ, ಅಥವಾ ಅದರ ಎಂಜಿನ್ ಕೆಟ್ಟು ನಿಂತಿದ್ದರೆ, ಬ್ರೇಕು ಬಿಡಿಸಿ ಏನೂ ಪ್ರಯೋಜನವಿಲ್ಲ. ಹಾಗಾಗಿ ಔಷಧ ಸೋತಿತು ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾಯಿಲೆಗಳೇ ಅನ್ನುವಷ್ಟು ಬೇರೆಯಾದ ಸ್ಥಿತಿಗಳಿರುತ್ತವೆ. ಯಾವ ರೋಗಿಯಲ್ಲಿ ಯಾವುದು ಎಂದು ಗೊತ್ತಾಗಬೇಕಾದರೆ ಔಷಧ ಸೋತ ಮೇಲೆ ಗಡ್ಡೆಯ ತುಣುಕನ್ನು ಮತ್ತೊಮ್ಮೆ ತೆಗೆದು ನೋಡಬೇಕು. ನನ್ನ ಇಂದಿನ ವಾದ ಇಷ್ಟೆ.

ಮೊದಲ ತೊಡಕು ಗುರುತಿಸುವಿಕೆಯದು. ಕ್ಯಾನ್ಸರ್ ಕೋಶ ನಮ್ಮದೇ ಕೋಶವಾದ್ದರಿಂದ, ಅದರ ವಂಶವಾಹಿಗಳಲ್ಲಿ ಆಗಿರುವ ಮ್ಯುಟೇಶನ್‌ಗಳು ಹುಟ್ಟಿಸುವ ಹೊಸ ಪ್ರೋಟೀನ್ ತುಣುಕುಗಳೇ ಮುಖ್ಯವಾಗಿ ಅದನ್ನು ಪರಕೀಯವೆಂದು ತೋರಿಸುತ್ತವೆ. ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಲವು ಗಡ್ಡೆಗಳಲ್ಲಿ ಕೆಟ್ಟಿರುತ್ತದೆ, ಆದ್ದರಿಂದ ಅವುಗಳಲ್ಲಿ ಮ್ಯುಟೇಶನ್‌ಗಳು ವಿಪರೀತ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ದೋಷವಿದ್ದ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳು ಹತ್ತು ಮಂದಿಯಲ್ಲಿ ನಾಲ್ವರ ಗಡ್ಡೆ ಪೆಂಬ್ರೊಲಿಜುಮ್ಯಾಬ್‌ನಿಂದ ಕುಗ್ಗಿತು. ದೋಷವಿಲ್ಲದ 18 ಮಂದಿಯಲ್ಲಿ ಒಬ್ಬರದೂ ಕುಗ್ಗಲಿಲ್ಲ. 2022ರಲ್ಲಿ ನ್ಯೂಯಾರ್ಕಿನಿಂದ ಬಂದ ವರದಿಯಲ್ಲಂತೂ ಇದೇ ದೋಷವಿದ್ದ ಗುದನಾಳದ ಕ್ಯಾನ್ಸರ್‌ನ ಮೊದಲ 12 ರೋಗಿಗಳಲ್ಲಿ ಹನ್ನೆರಡೂ ಜನರ ಗಡ್ಡೆ ಡೊಸ್ಟಾರ್ಲಿಮ್ಯಾಬ್ ಎಂಬ ಇದೇ ಬಗೆಯ ಔಷಧವೊಂದರಿಂದಲೇ, ಶಸ್ತ್ರಚಿಕಿತ್ಸೆಯಿಲ್ಲದೆ, ಕಣ್ಮರೆಯಾಯಿತು. ಹಾಗೆಂದು ಮ್ಯುಟೇಶನ್ ಎಣಿಸಿ ಭವಿಷ್ಯ ಹೇಳಲು ಹೊರಟರೆ ಮೂತ್ರಪಿಂಡದ ಕ್ಯಾನ್ಸರ್ ನಮ್ಮನ್ನು ತಡೆಯುತ್ತದೆ: ಅದರಲ್ಲಿ ಮ್ಯುಟೇಶನ್‌ಗಳು ಕಡಿಮೆಯೇ, ಆದರೂ ಅದು ಈ ಔಷಧಗಳಿಗೆ ಚೆನ್ನಾಗಿಯೇ ಬಗ್ಗುತ್ತದೆ.

ಪ್ರೋಟೀನ್ ತುಣುಕು ಹುಟ್ಟಿದರಷ್ಟೇ ಸಾಲದು, ಅದು ಕೋಶದ ಹೊರಮೈಗೆ ಬಂದು ಟಿ ಕೋಶದ ಕಣ್ಣಿಗೆ ಬೀಳಬೇಕು. ಆ ಕೆಲಸ ಎಚ್‌ಎಲ್‌ಎ ಎಂಬ ಅಣುಗಳದ್ದು. ಈ ಅಣುಗಳಿಗೆ ಬೀಟಾ-2 ಮೈಕ್ರೊಗ್ಲೊಬ್ಯುಲಿನ್ ಎಂಬ ಆಸರೆ ಪ್ರೋಟೀನ್ ಇಲ್ಲದಿದ್ದರೆ ಅವು ಹೊರಮೈಯಲ್ಲಿ ನಿಲ್ಲುವುದಿಲ್ಲ. ಇಲ್ಲಿ ನಾನು ಒಂದು ಅಧ್ಯಯನದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಈ ಕ್ಷೇತ್ರ ಯೋಚಿಸುವ ರೀತಿಯನ್ನೇ ಅದು ಬದಲಿಸಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಆಂಟೊನಿ ರಿಬಾಸ್ ಅವರ ತಂಡ 2016ರಲ್ಲಿ ಕೇವಲ ನಾಲ್ಕು ಮೆಲನೋಮ ರೋಗಿಗಳ ವಿವರ ಪ್ರಕಟಿಸಿತು. ನಾಲ್ವರಲ್ಲೂ ಪೆಂಬ್ರೊಲಿಜುಮ್ಯಾಬ್ ಮೊದಲು ಚೆನ್ನಾಗಿ ಕೆಲಸ ಮಾಡಿ, ತಿಂಗಳುಗಟ್ಟಲೆ ಕುಗ್ಗಿಯೇ ಇದ್ದ ಗಡ್ಡೆಗಳು ಚಿಕಿತ್ಸೆ ನಡೆಯುತ್ತಿರುವಾಗಲೇ ಮತ್ತೆ ಬೆಳೆದಿದ್ದವು. ಚಿಕಿತ್ಸೆಗೆ ಮುಂಚಿನ ತುಣುಕನ್ನೂ ಮರಳಿ ಬೆಳೆದ ಗಡ್ಡೆಯ ತುಣುಕನ್ನೂ ಪಕ್ಕಪಕ್ಕದಲ್ಲಿಟ್ಟು ವಂಶವಾಹಿಗಳನ್ನು ಓದಿದಾಗ, ಒಬ್ಬರಲ್ಲಿ ಬೀಟಾ-2 ಮೈಕ್ರೊಗ್ಲೊಬ್ಯುಲಿನ್ ಹಾಳಾಗಿತ್ತು. ಇನ್ನಿಬ್ಬರಲ್ಲಿ ಜಾಕ್-1 ಅಥವಾ ಜಾಕ್-2 ಎಂಬ ವಂಶವಾಹಿ ಕೆಟ್ಟು, ಟಿ ಕೋಶಗಳು ಹೊರಡಿಸುವ ಇಂಟರ್‌ಫೆರಾನ್ ಎಂಬ ಸಂಕೇತಕ್ಕೆ ಗಡ್ಡೆ ಕಿವುಡಾಗಿತ್ತು. ನಾಲ್ಕನೆಯವರಲ್ಲಿ ಸ್ಪಷ್ಟ ಕಾರಣ ಸಿಗಲಿಲ್ಲ. ಸ್ಕ್ಯಾನಿನಲ್ಲಿ ನಾಲ್ವರ ಚಿತ್ರವೂ ಒಂದೇ, ರೋಗ ಮರಳಿದೆ ಎಂದು. ತುಣುಕು ಕೈಯಲ್ಲಿರದಿದ್ದರೆ ವಿಜ್ಞಾನಕ್ಕೆ ತಿಳಿಯುತ್ತಿದ್ದದ್ದೂ ಅಷ್ಟೇ. ಮರುವರ್ಷ ಲಂಡನ್ನಿನ ತಂಡವೊಂದು ಶ್ವಾಸಕೋಶದ ಕ್ಯಾನ್ಸರ್‌ನ ಪ್ರಮುಖ ಬಗೆಯಲ್ಲಿ ನೂರಕ್ಕೆ ಸುಮಾರು 40 ಗಡ್ಡೆಗಳು ತಂದೆಯಿಂದಲೋ ತಾಯಿಯಿಂದಲೋ ಬಂದ ಎಚ್‌ಎಲ್‌ಎ ಪ್ರತಿಯೊಂದನ್ನು ಕಳೆದುಕೊಂಡಿರುತ್ತವೆಂದು ತೋರಿಸಿತು. ಔಷಧವನ್ನೇ ಕಾಣದ ಗಡ್ಡೆಯೂ ತಪ್ಪಿಸಿಕೊಳ್ಳುವುದನ್ನು ಮೊದಲೇ ಕಲಿತಿರಬಹುದು ಎಂದಾಯಿತು. ರಕ್ತದ ಕ್ಯಾನ್ಸರ್‌ಗೆ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲೂ, ಅಂದರೆ ರೋಗಿಯದೇ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆಯಲ್ಲೂ, ಇದರ ಸರಳ ರೂಪ ಕಾಣುತ್ತದೆ. ಆ ಚಿಕಿತ್ಸೆ ಗುರಿಯಿಡುವ ಸಿಡಿ-19 ಎಂಬ ಅಣುವನ್ನೇ ಕಳಚಿಕೊಂಡ ಕೋಶಗಳು ಉಳಿದು ರೋಗವನ್ನು ಮರಳಿಸುತ್ತವೆ. 2023ರಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಕಾರ್-ಟಿಗೆ ಅನುಮತಿ ಸಿಕ್ಕ ಮೇಲೆ ಈ ಪ್ರಶ್ನೆ ನಮ್ಮ ಆಸ್ಪತ್ರೆಗಳದ್ದೂ ಆಗಿದೆ.

ಎರಡನೆಯದು, ಟಿ ಕೋಶಗಳು ಗಡ್ಡೆಯ ಒಳಕ್ಕೆ ಹೋಗಿರದೇ ಇರುವುದು. ಬಣ್ಣ ಹಾಕಿದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಗಡ್ಡೆಗಳಲ್ಲಿ ಅವು ಒಳಗೆಲ್ಲ ಹರಡಿರುತ್ತವೆ, ಕೆಲವದರಲ್ಲಿ ಅಂಚಿನಲ್ಲಿ ದಟ್ಟೈಸಿ ನಿಂತಿರುತ್ತವೆ, ಇನ್ನು ಕೆಲವದರಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂಚಿನಲ್ಲೇ ನಿಲ್ಲಲು ಒಂದು ಮುಖ್ಯ ಕಾರಣ ಗಡ್ಡೆಯ ಸುತ್ತಲಿನ ನಾರುಕೋಶಗಳು ಮತ್ತು ಅವನ್ನು ಪ್ರಚೋದಿಸುವ ಟಿಜಿಎಫ್-ಬೀಟಾ ಎಂಬ ಸಂಕೇತ. ಮೂತ್ರಕೋಶದ ಕ್ಯಾನ್ಸರ್ ಕುರಿತ 2018ರ ಅಧ್ಯಯನವೊಂದರಲ್ಲಿ ಔಷಧ ಫಲಿಸದವರಲ್ಲಿ ಈ ಸಂಕೇತ ಪ್ರಬಲವಾಗಿತ್ತು. ಇಲಿಗಳಲ್ಲಿ ಅದನ್ನೂ, ಪಿಡಿ-1ಕ್ಕೆ ಅಂಟಿ ಆ ಬ್ರೇಕನ್ನು ಒತ್ತುವ ಜೋಡಿ ಅಣುವನ್ನೂ ಒಟ್ಟಿಗೆ ತಡೆದಾಗ ಟಿ ಕೋಶಗಳು ಒಳನುಗ್ಗಿದವು. ಒಂದೂ ಟಿ ಕೋಶವಿಲ್ಲದ ಗಡ್ಡೆಗಳ ಕತೆ ಬೇರೆ. ಅವುಗಳಲ್ಲಿ ಕೆಲವು ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನನ್ನು ಸದಾ ಚುರುಕಾಗಿಟ್ಟುಕೊಂಡು, ಟಿ ಕೋಶಗಳಿಗೆ ಸುದ್ದಿ ಮುಟ್ಟಿಸಬೇಕಾದ ಡೆಂಡ್ರಿಟಿಕ್ ಕೋಶಗಳೇ ಹತ್ತಿರ ಸುಳಿಯದಂತೆ ಮಾಡುತ್ತವೆಂದು ಶಿಕಾಗೊದ ಸಂಶೋಧಕರು 2015ರಲ್ಲಿ ಇಲಿಗಳಲ್ಲಿ ಕಂಡರು.

ಮೂರನೆಯದು ದಣಿವು. ತಿಂಗಳುಗಟ್ಟಲೆ ಗಡ್ಡೆಯೊಳಗೆ ಪ್ರಚೋದನೆಗೆ ಸಿಕ್ಕಿಬಿದ್ದ ಟಿ ಕೋಶಗಳಲ್ಲಿ ವಂಶವಾಹಿಗಳ ಓದುವಿಕೆಯೇ ಬದಲಾಗಿ ಗಟ್ಟಿಯಾಗುತ್ತದೆ. ಔಷಧ ಕೊಟ್ಟರೆ ಅವು ಸ್ವಲ್ಪ ಕಾಲ ಚೇತರಿಸಿಕೊಂಡರೂ ಆ ಆಳದ ಗುರುತು ಅಳಿಯುವುದಿಲ್ಲ. ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ: ಕಷಾಯ, ಅಮೃತಬಳ್ಳಿ, ಇಮ್ಯುನಿಟಿ ಪುಡಿ ಇವುಗಳಿಂದ ಔಷಧಕ್ಕೆ ಬಲ ಬರುವುದೇ ಎಂದು. ಈ ರೋಗಿಗಳಲ್ಲಿ ಕೊರತೆ ಇರುವುದು ಒಟ್ಟು ರೋಗನಿರೋಧಕ ಶಕ್ತಿಯದಲ್ಲ. ಎಚ್‌ಎಲ್‌ಎ ಕಳೆದುಕೊಂಡ ಗಡ್ಡೆ ಯಾವ ಕಷಾಯಕ್ಕೂ ಅದನ್ನು ಮರಳಿ ಪಡೆಯುವುದಿಲ್ಲ. ಡಾಕ್ಟರಿಗೆ ಹೇಳದೆ ಕುಡಿದ ಪುಡಿಯಿಂದ ಯಕೃತ್ತಿಗೆ ಪೆಟ್ಟಾದರೆ ಅದು ಔಷಧದ ಅಡ್ಡಪರಿಣಾಮವೋ ಪುಡಿಯದೋ ಎಂದು ತಿಳಿಯದೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾದೀತು.

ಔಷಧ ಫಲಿಸುವುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರವೂ ಇದೆ. ಔಷಧ ಫಲಿಸಿದವರ ಮಲದಲ್ಲಿನ ಬ್ಯಾಕ್ಟೀರಿಯಾಗಳನ್ನು ಫಲಿಸದವರ ಕರುಳಿಗೆ ಸೇರಿಸಿ, ಕೆಲವರಲ್ಲಿ ಔಷಧ ಮತ್ತೆ ಕೆಲಸ ಮಾಡುವಂತೆ ಮಾಡಿದ ಎರಡು ಸಣ್ಣ ಪ್ರಯೋಗಗಳು 2021ರಲ್ಲಿ ಪ್ರಕಟವಾದವು. ಆದರೆ ಯಾವ ಬ್ಯಾಕ್ಟೀರಿಯಾ ಮುಖ್ಯ ಎಂಬ ಪಟ್ಟಿ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತಿದೆ. ಊಟದ ಪದ್ಧತಿಯೇ ಬೇರೆಯಿರುವ ನಮ್ಮ ಜನರಿಗೆ ಅದನ್ನು ಹಾಗೇ ಅನ್ವಯಿಸುವ ಆತುರ ನನಗಿಲ್ಲ.

ಕಾರಣಗಳು ಇಷ್ಟು ತಿಳಿದಿದ್ದರೂ ಪರಿಹಾರವೇಕೆ ಬರುತ್ತಿಲ್ಲ? ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಕಬಳಿಸಿ ಟಿ ಕೋಶಗಳನ್ನು ಸೊರಗಿಸುವ ಐಡಿಒ ಎಂಬ ಕಿಣ್ವವನ್ನು ತಡೆಯುವ ಎಪಕಾಡೊಸ್ಟಾಟ್ ಎಂಬ ಔಷಧ ಆರಂಭದ ಪ್ರಯೋಗಗಳಲ್ಲಿ ಭಾರಿ ಭರವಸೆ ಹುಟ್ಟಿಸಿತ್ತು. ಏಳುನೂರಕ್ಕೂ ಹೆಚ್ಚು ಮೆಲನೋಮ ರೋಗಿಗಳಲ್ಲಿ ಅದನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟು ನೋಡಿದಾಗ, 2018ರಲ್ಲಿ ಬಂದ ಫಲಿತಾಂಶ ಶೂನ್ಯ. ಟಿಜಿಎಫ್-ಬೀಟಾವನ್ನೂ ಪಿಡಿ-1ರ ಜೋಡಿಯನ್ನೂ ಒಟ್ಟಿಗೆ ತಡೆಯುವ ಬಿಂಟ್ರಫುಸ್ಪ್ ಆಲ್ಫಾ ಕೂಡ ಶ್ವಾಸಕೋಶದ ಕ್ಯಾನ್ಸರ್‌ನ ದೊಡ್ಡ ಪ್ರಯೋಗದಲ್ಲಿ 2021ರಲ್ಲಿ ಸೋತಿತು. ಆ ಅಣುಗಳ ಕುರಿತ ಜೀವವಿಜ್ಞಾನ ಸುಳ್ಳೆಂದು ಇದರಿಂದ ನಾನು ತೀರ್ಮಾನಿಸುವುದಿಲ್ಲ. ಯಾರ ಗಡ್ಡೆಯಲ್ಲಿ ಆ ನಿರ್ದಿಷ್ಟ ಅಡ್ಡಿ ಇದೆಯೆಂದು ಮೊದಲು ನೋಡಿ ಆರಿಸದೆ ಎಲ್ಲರಿಗೂ ಕೊಟ್ಟದ್ದೇ ಸೋಲಿನ ದೊಡ್ಡ ಪಾಲು ಎಂಬುದು ನನ್ನ ಅಭಿಪ್ರಾಯ. ಡೋಸ್ ಸಾಕಷ್ಟಿತ್ತೇ ಎಂಬ ಪ್ರಶ್ನೆಯನ್ನೂ ಅನೇಕರು ಎತ್ತಿದ್ದಾರೆ.

ಈಗ ನಮ್ಮ ಊರಿಗೆ ಬರೋಣ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಾಣುವ ಕಾಯಿಲೆಗಳಲ್ಲಿ ಮೆಲನೋಮ ಅಪರೂಪ. ತಂಬಾಕು, ಗುಟ್ಕಾ, ಎಲೆ ಅಡಿಕೆಗಳಿಂದ ಬರುವ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ ಕೊಟ್ಟು ನೋಡಿದ ಚೆಕ್‌ಮೇಟ್-141 ಪ್ರಯೋಗದಲ್ಲಿ ಗಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು 13 ಮಂದಿಯಲ್ಲಿ. ಉಳಿದವರ ಗಡ್ಡೆ ಮೇಲೆ ಹೇಳಿದ ಯಾವ ಗುಂಪಿಗೆ ಸೇರಿದ್ದು? ಜಗಿಯುವ ತಂಬಾಕಿನಿಂದ ಕೆನ್ನೆಯೊಳಗೆ ಹುಟ್ಟಿದ ಗಡ್ಡೆಯಲ್ಲಿ, ಅಡಿಕೆಯಿಂದ ಮೊದಲೇ ನಾರುಗಟ್ಟಿ ಬಾಯಿ ತೆರೆಯಲಾಗದಂತಾಗಿದ್ದ ಅಂಗಾಂಶದಲ್ಲಿ, ಟಿ ಕೋಶಗಳು ಅಂಚಿನಲ್ಲೇ ನಿಂತುಬಿಡುವುದು ಹೆಚ್ಚೇ? ಯುರೋಪಿನ ಜನರಲ್ಲಿ ಮಾಡಿದ ಅಧ್ಯಯನದಿಂದ ಇದಕ್ಕೆ ಉತ್ತರ ಬರಲಾರದು. ಎಚ್‌ಎಲ್‌ಎ ವಿಧಗಳು ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುವುದರಿಂದ, ಯಾವ ಪ್ರೋಟೀನ್ ತುಣುಕು ಹೊರಮೈಗೆ ಬಂದೀತು ಎಂದು ಊಹಿಸುವ ಕಂಪ್ಯೂಟರ್ ವಿಧಾನಗಳನ್ನೂ ನಮ್ಮ ಮಾದರಿಗಳ ಮೇಲೆಯೇ ಪರೀಕ್ಷಿಸಬೇಕು.

ಅದಕ್ಕೆ ಬೇಕಾದದ್ದು ಎರಡನೆಯ ಬಯಾಪ್ಸಿ, ಮತ್ತು ಅದು ಹೇಳಿದಷ್ಟು ಸುಲಭವಲ್ಲ. ಬಳ್ಳಾರಿಯಿಂದಲೋ ಕಲಬುರಗಿಯಿಂದಲೋ ಮಗನ ಜೊತೆ ಬಂದವರಿಗೆ ಔಷಧ ಫಲಿಸುತ್ತಿಲ್ಲವೆಂದು ಹೇಳಿದ ದಿನವೇ, ನಿಮ್ಮ ಚಿಕಿತ್ಸೆಗೆ ಇದರಿಂದ ಉಪಯೋಗವಾಗದೇ ಇರಬಹುದು, ಆದರೂ ಇನ್ನೊಮ್ಮೆ ಸೂಜಿ ಹಾಕಬಹುದೇ ಎಂದು ಕೇಳಬೇಕಾಗುತ್ತದೆ. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಕನ್ನಡದಲ್ಲಿರಬೇಕು, ಬೇಡವೆಂದರೆ ಮುಂದಿನ ಆರೈಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದೆಂಬ ಭರವಸೆ ಅದರಲ್ಲಿರಬೇಕು, ಖರ್ಚು ಸಂಶೋಧನೆಯ ಹಣದಿಂದಲೇ ಹೋಗಬೇಕು. ರಕ್ತಪರೀಕ್ಷೆ ಸಾಲದೇ ಎಂದು ಕೇಳುವವರಿದ್ದಾರೆ. ಗಡ್ಡೆಯಿಂದ ರಕ್ತಕ್ಕೆ ಸೋರುವ ಡಿಎನ್‌ಎಯಲ್ಲಿ ಜಾಕ್ ಅಥವಾ ಬೀಟಾ-2 ಮೈಕ್ರೊಗ್ಲೊಬ್ಯುಲಿನ್‌ನ ದೋಷ ಸಿಗಬಹುದು. ಟಿ ಕೋಶ ಎಲ್ಲಿ ನಿಂತಿದೆ ಎಂಬುದು ರಕ್ತದಲ್ಲಿ ಕಾಣುವುದಿಲ್ಲ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂಡಿಸಿದ ಬ್ಲಾಕು ಬಣ್ಣ ಹಾಕಿ ನೋಡಲು ಸಾಕು. ಒಂದೊಂದೇ ಜೀವಂತ ಕೋಶವನ್ನು ಬಿಡಿಸಿ ಓದಬೇಕಾದರೆ ತುಣುಕು ತಾಜಾ ಇರಬೇಕು; ಹೊಸೂರು ರಸ್ತೆಯಿಂದ ಬಳ್ಳಾರಿ ರಸ್ತೆಯ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವರೆಗೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಳೆಯುವ ಪ್ರತಿ ಗಂಟೆಯೂ ಅದನ್ನು ಕೆಡಿಸುತ್ತದೆ. ಹಾಗಾಗಿ ಮಾದರಿಯನ್ನು ರೋಗಿಯ ಮಂಚದ ಪಕ್ಕದಲ್ಲೇ ಎರಡು ಭಾಗ ಮಾಡಿ, ಒಂದನ್ನು ಫಾರ್ಮಲಿನ್‌ಗೂ ಇನ್ನೊಂದನ್ನು ಕೂಡಲೇ ಸಂರಕ್ಷಕ ದ್ರವಕ್ಕೂ ಹಾಕುವ ತರಬೇತಿ ಪಡೆದ ಒಬ್ಬರು ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ.

ಇಂಥ ಮಾದರಿಗಳಿಂದ ನಾವೇ ಉತ್ತರಿಸಬೇಕಾದ ಒಂದು ಪ್ರಶ್ನೆಯೊಂದಿಗೆ ನಿಲ್ಲಿಸುತ್ತೇನೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಹಣವಿಲ್ಲದ ರೋಗಿಗಳಿಗಾಗಿ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಬಾಯಿಯ ಮೂಲಕ ಕೊಡುವ ಅಗ್ಗದ ಮೂರು ಔಷಧಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ನೋಡಿದರು. ಬೇರೆಡೆ ವಾಡಿಕೆಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇಕಡ 16.3ರಿಂದ 43.4ಕ್ಕೆ ಏರಿತು. ಹಾಗಿದ್ದರೂ ಅರ್ಧಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ. ಅವರಿಗೆ ಔಷಧ ಸಾಲದಾಯಿತೋ, ಅವರ ಗಡ್ಡೆ ಎಷ್ಟು ಔಷಧಕ್ಕೂ ಬಗ್ಗದಂಥದ್ದೋ? ರಕ್ತದಲ್ಲಿನ ಟಿ ಕೋಶಗಳ ಪಿಡಿ-1 ಅಣುಗಳಲ್ಲಿ ಬಹುಪಾಲನ್ನು ಸಣ್ಣ ಡೋಸ್ ಕೂಡ ಆವರಿಸುತ್ತದೆಂದು ಆರಂಭದ ಪ್ರಯೋಗಗಳೇ ತೋರಿಸಿದ್ದವು. ಗಡ್ಡೆಯ ಒಳಗಿನ ಟಿ ಕೋಶಗಳದ್ದನ್ನು ತುಣುಕಿನಲ್ಲೇ ನೋಡಬೇಕು. ಅಲ್ಲಿ ಪಿಡಿ-1 ಇನ್ನೂ ತೆರೆದೇ ಇದ್ದರೆ ಡೋಸ್ ಏರಿಸುವುದು ಸರಿ. ಅದು ಮುಚ್ಚಿಹೋಗಿದ್ದು, ಎದುರಿನ ಕ್ಯಾನ್ಸರ್ ಕೋಶದಲ್ಲಿ ಎಚ್‌ಎಲ್‌ಎ ಇಲ್ಲವೆಂದು ಕಂಡರೆ, ಮನೆಯವರು ಸೈಟು ಮಾರಿ ಪೂರ್ತಿ ಡೋಸ್ ಕೊಡಿಸಿದರೂ ಆ ಗಡ್ಡೆ ಕರಗುವ ಸಾಧ್ಯತೆ ತೀರ ಕಡಿಮೆಯೆಂದು ಅವರಿಗೆ ಮೊದಲೇ ಹೇಳಬಹುದು.