ಮೀನಿನ ಹಾರ್ನ್, ಗೇಟಿನ ಬೆಕ್ಕು ಮತ್ತು ಅನ್ವಯದ ಪ್ರಶ್ನೆ

[ದೃಶ್ಯ: ಕಾರವಾರದ ಒಂದು ಕೇರಿ, ಬೆಳಗಿನ ಹೊತ್ತು. ಥರ್ಮೋಕೋಲ್ ಪೆಟ್ಟಿಗೆ ಕಟ್ಟಿಕೊಂಡ ಸ್ಕೂಟರ್ ತಿರುವಿನಲ್ಲಿ ಹಾರ್ನ್ ಹಾಕುತ್ತದೆ. ಜಗಲಿಯ ಮೇಲೆ ಮಲಗಿದ್ದ ಬೆಕ್ಕಿನ ಕಿವಿ ನಿಮಿರುತ್ತದೆ.]

ನಿರೂಪಣೆ:

ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಕೇರಿಗಳಲ್ಲಿ ಬೆಳೆದವರಿಗೆ ಈ ದೃಶ್ಯ ಹೊಸದಲ್ಲ. ಸ್ಕೂಟರ್ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ, ಮೀನಿನ ವಾಸನೆಯೂ ಬಂದಿರುವುದಿಲ್ಲ, ಅಷ್ಟರಲ್ಲಿ ಹಾರ್ನ್ ಕೇಳಿದ ಬೆಕ್ಕು ಗೇಟಿನ ಬಳಿ ಹಾಜರಾಗಿರುತ್ತದೆ. ಮನಃಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಇಂಥದೊಂದು ಸನ್ನಿವೇಶವನ್ನು ಕೊಟ್ಟು, ‘ಕಲಿಕೆಯ ತತ್ತ್ವಗಳ ನೆರವಿನಿಂದ ವಿವರಿಸಿ’ ಎಂದು ಕೇಳಿದರೆ, ನಮ್ಮಲ್ಲಿ ಹಲವರು ಬೆಕ್ಕನ್ನು ಅಲ್ಲೇ ಬಿಟ್ಟು, ಊಟದ ಮುನ್ಸೂಚನೆಯ ಸದ್ದಿಗೇ ಜೊಲ್ಲು ಸುರಿಸಲು ಕಲಿತ, ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ನಾಯಿಯ ಹಿಂದೆ ಹೊರಟುಬಿಡುತ್ತೇವೆ.

ಪದವಿಯ ಮೊದಲ ವರ್ಷದಲ್ಲಿ, ಮಗುವೊಂದರ ಸನ್ನಿವೇಶ ಕೊಟ್ಟು ಕೇಳಿದ ಇಂಥದೇ ಪ್ರಶ್ನೆಗೆ ನಾನೂ ಹಾಗೆಯೇ ಹೊರಟಿದ್ದೆ. ಪಾವ್ಲೋವ್ 1849ರಲ್ಲಿ ಹುಟ್ಟಿದ್ದು, 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೇ ಹೊರತು ಕಲಿಕೆಯ ಅಧ್ಯಯನಕ್ಕಲ್ಲ ಎಂಬುದು, ಪ್ರಯೋಗಾಲಯದಲ್ಲಿ ಗಂಟೆಯ ಸದ್ದಿಗಿಂತ ಹೆಚ್ಚಾಗಿ, ತಾಳದಂತೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್‌ನಂಥ ಸಾಧನಗಳ ಸದ್ದು ಬಳಕೆಯಾದದ್ದು, ಹೀಗೆ ಒಂದೂವರೆ ಪುಟ ತುಂಬಿಸಿದ್ದೆ. ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೆ ಪ್ರಶ್ನೆಯಲ್ಲಿದ್ದ ಮಗುವಿನ ಹೆಸರು ಇಡೀ ಉತ್ತರದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹತ್ತಕ್ಕೆ ಮೂರು ಅಂಕ ಬಂತು, ಮತ್ತು ಅದು ನ್ಯಾಯವಾಗಿಯೇ ಬಂತು.

[ದೃಶ್ಯ: ಕರಿಹಲಗೆ. ಎಡಗಡೆ ಸನ್ನಿವೇಶದ ಮಾತುಗಳು, ಬಲಗಡೆ ಪಾರಿಭಾಷಿಕ ಪದಗಳು. ಒಂದೊಂದಾಗಿ ಗೆರೆ ಎಳೆಯಲಾಗುತ್ತದೆ.]

ಅನ್ವಯದ ಪ್ರಶ್ನೆಯಲ್ಲಿ ಅಂಕವಿರುವುದು ವ್ಯಾಖ್ಯೆಯಲ್ಲಲ್ಲ, ಸನ್ನಿವೇಶದ ಒಂದೊಂದು ತುಣುಕಿಗೂ ಸರಿಯಾದ ಪದವನ್ನು ಗಂಟು ಹಾಕುವುದರಲ್ಲಿ. ಮೀನು ಅನನುಬಂಧಿತ ಪ್ರಚೋದನೆ. ಅದನ್ನು ಕಂಡು ಬೆಕ್ಕಿನ ಬಾಯಲ್ಲಿ ನೀರೂರುವುದು ಯಾರೂ ಕಲಿಸದೆ ಬಂದ ಪ್ರತಿಕ್ರಿಯೆ. ಹಾರ್ನ್ ಮೊದಲಿಗೆ ತಟಸ್ಥ ಪ್ರಚೋದನೆಯಾಗಿತ್ತು. ಅದರ ಬೆನ್ನಿಗೇ ಪ್ರತಿದಿನ ಮೀನು ಬರುತ್ತಿದ್ದುದರಿಂದ ಈಗ ಅದು ಅನುಬಂಧಿತ ಪ್ರಚೋದನೆಯಾಗಿದೆ. ಹಾರ್ನ್ ಒಂದನ್ನೇ ಕೇಳಿದರೂ ಬೆಕ್ಕು ಕಿವಿ ನಿಮಿರಿಸಿ, ತುಟಿ ನೆಕ್ಕಿ, ಚಡಪಡಿಸುವುದು ಅನುಬಂಧಿತ ಪ್ರತಿಕ್ರಿಯೆ. ಇದು ಶಾಸ್ತ್ರೀಯ ಅನುಬಂಧನ. ಪಠ್ಯಗಳಲ್ಲಿ ಈ ಪದಗಳು ಬೇರೆ ಬೇರೆ ರೂಪದಲ್ಲಿರುವುದುಂಟು. ನಿಮ್ಮ ಪಠ್ಯದಲ್ಲಿರುವುದನ್ನೇ ಹಿಡಿದು, ಉತ್ತರದ ಕೊನೆಯವರೆಗೂ ಅದನ್ನೇ ಬಳಸಿರಿ.

ಗೇಟಿನವರೆಗೆ ಓಡಿದ್ದರ ಲೆಕ್ಕ ಮಾತ್ರ ಬೇರೆ. ಓಡಿಹೋಗಿ, ಕಾಲಿಗೆ ಮೈ ಉಜ್ಜಿ, ಮ್ಯಾಂವ್ ಎಂದ ಬೆಕ್ಕಿಗೆ ಮಾರುವವರು ಒಂದು ಬಂಗುಡೆಯ ತಲೆಯನ್ನು ಎಸೆಯುತ್ತಾರೆ. ಮಾಡಿದ ಕೆಲಸಕ್ಕೆ ಪ್ರತಿಫಲ ಸಿಕ್ಕಿದ್ದರಿಂದ ಆ ಕೆಲಸ ಹೆಚ್ಚುತ್ತಿದೆ ಎಂದ ಮೇಲೆ ಅದು ಮನಃಶಾಸ್ತ್ರಜ್ಞ ಸ್ಕಿನ್ನರ್ ಹೇಳಿದ ಕ್ರಿಯಾಜನ್ಯ ಅನುಬಂಧನ. ಬಂಗುಡೆಯ ತಲೆಯೇ ಧನಾತ್ಮಕ ಪುನರ್ಬಲನ. ಒಂದೇ ಬೆಕ್ಕಿನಲ್ಲಿ, ಒಂದೇ ನಿಮಿಷದಲ್ಲಿ ಎರಡು ಬಗೆಯ ಕಲಿಕೆ ನಡೆದಿದೆ. ಪ್ರಶ್ನೆ ಕೇಳುತ್ತಿರುವುದು ಬಾಯಲ್ಲಿ ನೀರೂರುವುದನ್ನೋ, ಓಡಿ ಬರುವುದನ್ನೋ ಎಂಬುದನ್ನು ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದಿ ತೀರ್ಮಾನಿಸಬೇಕು.

[ದೃಶ್ಯ: ಮಳೆಗಾಲ. ಬೈತಖೋಲ ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ದೋಣಿಗಳು.]

ಪ್ರಶ್ನೆಯನ್ನು ಇನ್ನೂ ಸ್ವಲ್ಪ ಬಿಗಿಗೊಳಿಸೋಣ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನ ಸ್ಕೂಟರ್ ನಮ್ಮ ಕೇರಿಗೆ ಬರುವುದೇ ಇಲ್ಲ ಎಂದಿಟ್ಟುಕೊಳ್ಳಿ. ‘ಎರಡು ತಿಂಗಳು ಮೀನು ಸಿಗದ ಕಾರಣ ಬೆಕ್ಕಿನ ಕಲಿಕೆ ವಿಲೋಪನಗೊಂಡಿತು’ ಎಂದು ಬರೆದರೆ ಅದು ತಪ್ಪು, ಮತ್ತು ಕಾಣಲು ಸರಿಯಂತೆಯೇ ಇರುವ ತಪ್ಪು. ವಿಲೋಪನವೆಂದರೆ ಕಲಿತ ಪ್ರತಿಕ್ರಿಯೆ ಕ್ರಮೇಣ ಅಳಿಯುವುದು; ಅದಾಗಬೇಕಾದರೆ ಹಾರ್ನ್ ಕೇಳಬೇಕು, ಮೀನು ಬರಬಾರದು, ಮತ್ತು ಹೀಗೆ ಮತ್ತೆ ಮತ್ತೆ ಆಗಬೇಕು. ಇಲ್ಲಿ ಹಾರ್ನೇ ಇಲ್ಲ. ಸುಮ್ಮನೆ ದಿನ ಕಳೆದಿದೆ, ಅಷ್ಟೆ. ಆಗಸ್ಟ್‌ನ ಮೊದಲ ಹಾರ್ನಿಗೇ ಬೆಕ್ಕು ಮತ್ತೆ ಗೇಟಿಗೆ ಓಡಿದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಅದೇ ವ್ಯಾಪಾರಿ ಹೊಟ್ಟೆಪಾಡಿಗೆಂದು ಜೂನ್‌ನಲ್ಲಿ ಬಸಳೆ, ಹರಿವೆ, ಸೌತೆಕಾಯಿ ಹೇರಿಕೊಂಡು, ಅದೇ ಹಾರ್ನ್ ಹಾಕುತ್ತ ಬಂದರೆ ಆಗ ವಿಲೋಪನ ಶುರುವಾಗುತ್ತದೆ. ಮೊದಲ ಕೆಲವು ದಿನ ಓಡಿಬಂದು ಬಸಳೆಯ ಕಟ್ಟನ್ನು ಮೂಸಿ ನೋಡುವ ಬೆಕ್ಕು, ಕ್ರಮೇಣ ಜಗಲಿಯಿಂದಲೇ ಕಣ್ಣು ತೆರೆದು ಮುಚ್ಚುತ್ತದೆ. ಇನ್ನು ಪಾವ್ ಮಾರುವವರ ಸೈಕಲ್ಲಿನ ಪೋಂ ಪೋಂ ಸದ್ದಿಗೂ ಅದು ಆರಂಭದಲ್ಲಿ ಎದ್ದು ಓಡುತ್ತಿತ್ತು ಎಂದು ಪ್ರಶ್ನೆಯಲ್ಲಿದ್ದರೆ ಅದು ಸಾಮಾನ್ಯೀಕರಣ. ಆಮೇಲೆ ಸ್ಕೂಟರಿಗೆ ಮಾತ್ರ ಓಡತೊಡಗಿತು ಎಂದರೆ ವಿಭೇದನ.

[ದೃಶ್ಯ: ಶಿರಸಿಯ ಕಡೆಯ ಅಡಿಕೆ ತೋಟ, ಸೋನೆಮಳೆ. ಒಬ್ಬರು ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಾರೆ.]

ವಿದ್ಯಾರ್ಥಿಗಳನ್ನು ಅತಿಹೆಚ್ಚು ಕಾಡುವ ಪದವೆಂದರೆ ಋಣಾತ್ಮಕ ಪುನರ್ಬಲನ. ‘ಋಣಾತ್ಮಕ’ ಎಂದೊಡನೆ ಶಿಕ್ಷೆ ಎಂದು ಬರೆದುಬಿಡುವ ಚಾಳಿ ನಮ್ಮದು. ಘಟ್ಟದ ಮೇಲಿನವರಿಗೆ ಇದಕ್ಕೆ ಉಂಬಳಕ್ಕಿಂತ (ರಕ್ತ ಹೀರುವ ಜಿಗಣೆ) ಒಳ್ಳೆಯ ಉದಾಹರಣೆ ಬೇಕಿಲ್ಲ. ಕಚ್ಚಿಕೊಂಡ ಉಂಬಳಕ್ಕೆ ಉಪ್ಪು ಹಾಕಿದಾಗ ಅದು ಬಿದ್ದುಹೋಗುತ್ತದೆ. ಅಹಿತವಾದದ್ದು ತೊಲಗಿತಾದ್ದರಿಂದ ಮುಂದಿನ ಸಲವೂ ಕೈ ಉಪ್ಪಿನ ಕಡೆಗೇ ಹೋಗುತ್ತದೆ. ಇಲ್ಲಿ ಋಣವೆಂದರೆ ಕಳೆಯುವುದು, ಪುನರ್ಬಲನವೆಂದರೆ ವರ್ತನೆ ಹೆಚ್ಚುವುದು. ತೋಟಕ್ಕೆ ಇಳಿಯುವ ಮೊದಲೇ ಕಾಲಿಗೆ ಸುಣ್ಣ ಹಚ್ಚಿಕೊಳ್ಳುವುದೂ ಋಣಾತ್ಮಕ ಪುನರ್ಬಲನದಿಂದಲೇ ಉಳಿದುಬಂದ ಅಭ್ಯಾಸ. ಉಪ್ಪು ಹಾಕುವುದು ಪಾರಾಗುವ ಕಲಿಕೆಯಾದರೆ, ಸುಣ್ಣ ಹಚ್ಚುವುದು ಮುಂಚಿತವಾಗಿ ತಪ್ಪಿಸಿಕೊಳ್ಳುವ ಕಲಿಕೆ. ಉಂಬಳ ಕಚ್ಚಿತೆಂದು ಹುಡುಗನೊಬ್ಬ ಬರಿಗಾಲಲ್ಲಿ ತೋಟಕ್ಕೆ ಹೋಗುವುದನ್ನೇ ಕಡಿಮೆ ಮಾಡಿದರೆ, ಅಲ್ಲಿ ವರ್ತನೆ ಇಳಿದಿರುವುದರಿಂದ, ಅದು ಶಿಕ್ಷೆ. ಹೆಸರಿಡುವ ಮೊದಲು ವರ್ತನೆ ಏರಿತೋ ಇಳಿಯಿತೋ ಎಂಬುದನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರೆ ಎಡವುವುದು ತಪ್ಪುತ್ತದೆ.

ಸಾಮಾಜಿಕ ಮನಃಶಾಸ್ತ್ರದಿಂದ ಒಂದನ್ನಷ್ಟೇ ನೋಡೋಣ. ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಬಸ್ಸು ತಡವಾಗಿ ಬಂತು. ಕಾಯುತ್ತಿದ್ದವರು ‘ಡ್ರೈವರ್ ಸೋಮಾರಿ’ ಎಂದರು. ಪರಿಸ್ಥಿತಿಯನ್ನು ಕಡೆಗಣಿಸಿ ವ್ಯಕ್ತಿಯ ಸ್ವಭಾವಕ್ಕೆ ಕಾರಣ ಅಂಟಿಸುವ ಈ ಒಲವನ್ನು ಮನಃಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಮೂಲಭೂತ ಗುಣಾರೋಪಣಾ ದೋಷವೆಂದು ಕರೆದರು. ಆದರೆ ಘಾಟಿಯಲ್ಲಿ ಮರ ಬಿದ್ದಿತ್ತು ಎಂಬ ಸಾಲು ಪ್ರಶ್ನೆಯಲ್ಲಿದ್ದರೆ ಮಾತ್ರ ಅದನ್ನು ದೋಷವೆಂದು ಧೈರ್ಯವಾಗಿ ಬರೆಯಬಹುದು. ಆ ಸಾಲಿಲ್ಲದಿದ್ದರೆ, ಡ್ರೈವರ್ ನಿಜಕ್ಕೂ ಚಹಾ ಕುಡಿಯುತ್ತ ಕೂತಿದ್ದಿರಬಹುದು.

[ದೃಶ್ಯ: ಬಾಳೆಗೊನೆಯ ಮೇಲೆ ಮಂಗಗಳ ಹಿಂಡು. ದೂರದಲ್ಲಿ ಪಟಾಕಿ ಸದ್ದು.]

ಕೊನೆಯದಾಗಿ ಮಂಗಗಳ ವಿಷಯ. ತೋಟದಲ್ಲಿ ಪಟಾಕಿ ಹೊಡೆದಾಗ ಮೊದಲ ದಿನ ಹಿಂಡು ಚೆಲ್ಲಾಪಿಲ್ಲಿಯಾಗುತ್ತದೆ, ಹತ್ತನೆಯ ದಿನ ತಲೆ ಎತ್ತಿ ನೋಡಿ ಮತ್ತೆ ಬಾಳೆಹಣ್ಣು ಸುಲಿಯುತ್ತದೆ. ಇದನ್ನು ವಿಲೋಪನ ಎನ್ನುವಂತಿಲ್ಲ, ಏಕೆಂದರೆ ಭಾರೀ ಸದ್ದಿಗೆ ಬೆಚ್ಚುವುದನ್ನು ಮಂಗ ಯಾರಿಂದಲೂ ಕಲಿತಿರಲಿಲ್ಲ; ಅಪಾಯವಿಲ್ಲದ ಸದ್ದು ಮರುಕಳಿಸಿ ಮರುಕಳಿಸಿ ಪ್ರತಿಕ್ರಿಯೆ ಮಂದವಾಗಿದೆ, ಆದ್ದರಿಂದ ಇದು ಅಭ್ಯಸ್ತತೆ. ಆದರೆ ಒಂದು ಮೆಲ್ಲನೆಯ ಸಿಳ್ಳೆಯ ಬೆನ್ನಿಗೇ ಪ್ರತಿ ಸಲವೂ ಮನೆಯ ನಾಯಿ ನುಗ್ಗಿ ಬರುತ್ತಿತ್ತು, ಆ ಸಿಳ್ಳೆಗೇ ಮಂಗಗಳು ಓಡಲು ಕಲಿತವು, ನಾಯಿ ಸತ್ತ ಮೇಲೆ ಯಜಮಾನ ಬರಿಯ ಸಿಳ್ಳೆ ಹೊಡೆಯುತ್ತ ಉಳಿದ ಎಂದು ಪ್ರಶ್ನೆ ಬದಲಾದರೆ, ತಿಂಗಳ ಬಳಿಕ ಕದಲದೆ ಕೂತ ಅದೇ ಮಂಗಕ್ಕೆ ವಿಲೋಪನ ಎಂದೇ ಬರೆಯಬೇಕಾಗುತ್ತದೆ.